ನೂಲು ಕೊರೆದ ಹಲ್ಲು

ನಾನು ಒಂದು ಹಲ್ಲು. ಕೆಳದವಡೆಯ ಎಡಗಡೆಯ ಕೋರೆಹಲ್ಲು. ವಯಸ್ಸು ಸುಮಾರು ನಾಲ್ಕು ಸಾವಿರ ವರ್ಷ. ಇಷ್ಟಾದರೂ ಬಿದ್ದಿಲ್ಲ ಎಂಬ ಸಣ್ಣ ಜಂಬ ನನಗಿದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಹುಟ್ಟಿದ್ದು ಕತ್ತಲಲ್ಲಿ. ನೈಲ್ ನದಿಯ ದಂಡೆಯಲ್ಲಿ, ಮಣ್ಣಿಟ್ಟಿಗೆಯ ಒಂದು ಮನೆಯಲ್ಲಿ, ಹೆನುತ್ ಎಂಬ ಕೂಸಿನ ಒಸಡಿನೊಳಗೆ ಒಂದು ಚುಕ್ಕೆಯಾಗಿ ಶುರುವಾದೆ. ಮೇಲೆ ಹಾಲುಹಲ್ಲುಗಳು ಬಿಸಿಲು ಕಾಯಿಸುತ್ತ ಮೆರೆಯುತ್ತಿದ್ದರೆ, ನಾನು ಕೆಳಗೆ ಕೂತು ಪದರದ ಮೇಲೆ ಪದರ ಕಟ್ಟಿಕೊಳ್ಳುತ್ತಿದ್ದೆ. ಅವಳು ಉಂಡದ್ದೇ ನನ್ನ ಮೈ. ಅವಳು ಉಪವಾಸ ಬಿದ್ದರೆ ನನ್ನ ಕೆಲಸವೂ ನಿಂತಂತೆಯೇ.

ಅವಳಿಗೆ ನಾಲ್ಕು ವರ್ಷವಾದಾಗ ಹಾಗೇ ಆಯಿತು. ಆ ವರ್ಷ ನದಿ ಉಕ್ಕಲಿಲ್ಲ. ಗೋಧಿಯ ಕಣಜಗಳು ಬರಿದಾದವು. ಹೆನುತಳ ಅಜ್ಜಿ ತನ್ನ ಪಾಲಿನ ರೊಟ್ಟಿಯನ್ನು ಮೊಮ್ಮಗಳ ಕೈಗಿಟ್ಟು, ಅದು ಮುಗಿದ ಮೇಲೆ ಕಥೆ ಹೇಳುತ್ತಿದ್ದಳು. ತನ್ನ ಹೊಟ್ಟೆ ಗುರುಗುಟ್ಟುವುದು ಕೇಳಿಸದಿರಲಿ ಎಂದು ಮೊಸಳೆಯ ಕಥೆಯಲ್ಲಿ ಮೊಸಳೆಗಿಂತ ಜೋರಾಗಿ ಗುಡುಗುತ್ತಿದ್ದಳು. ಮುಂದಿನ ವರ್ಷ ನದಿ ಉಕ್ಕಿತು. ಅಷ್ಟು ಹೊತ್ತಿಗೆ ಅಜ್ಜಿ ಇರಲಿಲ್ಲ. ನನ್ನ ಮೈಮೇಲೆ, ಬುಡದ ಹತ್ತಿರ, ಉಗುರಿನಿಂದ ಗೀರಿದಂತೆ ಒಂದು ಅಡ್ಡಗೆರೆ ಉಳಿಯಿತು. ಆ ಗೆರೆ ದಾಟಿದರೆ ಮತ್ತೆ ನುಣುಪು.

ನಾನು ಒಸಡು ಸೀಳಿ ಹೊರಗೆ ಬಂದಾಗ ಅವಳಿಗೆ ಹತ್ತು ವರ್ಷ. ಅದೇ ವರ್ಷ ಅವಳನ್ನು ಒಡೆಯರ ನೂಲುಮನೆಗೆ ಸೇರಿಸಿದರು. ಅಲ್ಲಿ ಹೆಂಗಸರು ಅಗಸೆ ಗಿಡದ ನಾರು ಬಿಡಿಸಿ, ಎಳೆಗೆ ಎಳೆ ಸೇರಿಸಿ, ಎಂಜಲಲ್ಲಿ ಒದ್ದೆ ಮಾಡಿ ಹೊಸೆಯುತ್ತಿದ್ದರು. ಎರಡೂ ಕೈ ಎಳೆಯಲ್ಲಿ ಸಿಕ್ಕಿಕೊಂಡಿರುವಾಗ ತುದಿ ಹಿಡಿಯಲು ಮೂರನೆಯ ಕೈ ಬೇಕಲ್ಲ? ಆ ಮೂರನೆಯ ಕೈ ನಾನೇ. ಎಳೆ ನನ್ನ ತುದಿಯ ಮೇಲೆ ಹಾದು ಹೋಗುತ್ತಿತ್ತು, ದಿನಕ್ಕೆ ಎಷ್ಟು ಸಲ ಎಂದು ನಾನು ಎಣಿಸಿದವನಲ್ಲ. ಹೊರಗಿನ ಗಾಳಿ ತಂದ ಮರಳು, ಬೀಸುಕಲ್ಲು ಉದುರಿಸಿದ ಪುಡಿ ಎಲ್ಲ ರೊಟ್ಟಿಯಲ್ಲಿ ಬೆರೆತು ನನ್ನನ್ನು ಮೇಲಿನಿಂದ ಸವೆಸಿದವು. ನೂಲು ಮಾತ್ರ ನನ್ನ ತುದಿಯಲ್ಲಿ ತನ್ನದೇ ಒಂದು ಸಣ್ಣ ಕಾಲುವೆ ತೋಡಿತು.

ಅವಳು ನೂತ ನೂಲಿನ ಬಟ್ಟೆ ಸತ್ತ ದೊಡ್ಡವರ ಮೈಗೆ ಸುತ್ತಲು ಹೋಗುತ್ತಿತ್ತು. ಮೂವತ್ತೈದಕ್ಕೆ ಜ್ವರದಲ್ಲಿ ಅವಳು ಸತ್ತಾಗ, ಮನೆಯವರ ಹತ್ತಿರ ಇದ್ದದ್ದು ಒಂದು ಜೊಂಡಿನ ಚಾಪೆ ಮಾತ್ರ. ಆಗ ಜೊತೆಗಾರ್ತಿಯರು ಒಬ್ಬೊಬ್ಬರಾಗಿ ಬಂದರು. ಪ್ರತಿಯೊಬ್ಬಳ ಸೆರಗಿನೊಳಗೂ ಒಂದೊಂದು ಗೇಣು ನಯವಾದ ಬಟ್ಟೆ. ಒಡೆಯರ ಥಾನಿನಿಂದ ಮೇಸ್ತ್ರಿಯ ಕಣ್ಣು ತಪ್ಪಿಸಿ ಕತ್ತರಿಸಿಕೊಂಡದ್ದು. ಎಲ್ಲವನ್ನೂ ಕೂಡಿಸಿದರೆ ಅವಳ ತಲೆ ಮುಖಕ್ಕೆ ಸಾಕಾಯಿತು. ಮರಳು ನಮ್ಮನ್ನು ಒಣಗಿಸಿ ಜೋಪಾನ ಮಾಡಿತು.

ಆಮೇಲೆ ನಾನು ಬಹಳ ಕಾಲ ಮಲಗಿದ್ದೆ.

ಎಬ್ಬಿಸಿದ್ದು ಒಂದು ಸಲಿಕೆ. ನೂರು ವರ್ಷದ ಹಿಂದೆ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ. ತಲೆಬುರುಡೆ ಒಂದು ಕಡೆ ಹೋಯಿತು, ದವಡೆಯ ಅರ್ಧ ನನ್ನನ್ನೂ ಇನ್ನೆರಡು ಹಲ್ಲುಗಳನ್ನೂ ಹೊತ್ತು ಒಬ್ಬ ಮಾರಾಟಗಾರನ ಬುಟ್ಟಿ ಸೇರಿತು. ಅಲ್ಲಿನ ಸೈನ್ಯದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಡಾಕ್ಟರ್ ಕಾತರಕಿ ಎಂಬ ಗದಗಿನವರು ಬುಟ್ಟಿಯ ಮುಂದೆ ಬಗ್ಗಿ ನೋಡಿದರು. ಮಾರಾಟಗಾರ ದವಡೆಗೆ ಸುತ್ತಿದ್ದ ಬಟ್ಟೆಯನ್ನು ಅವರ ಬೆರಳಿಗೆ ಮುಟ್ಟಿಸಿ, ಇಷ್ಟು ನಯದ ಬಟ್ಟೆ ರಾಜಕುಮಾರಿಗಲ್ಲದೆ ಯಾರಿಗೆ ಎಂದ. ಡಾಕ್ಟರು ನಂಬಿದರು. ಜೊತೆಗಾರ್ತಿಯರ ಕಳ್ಳತನದಿಂದ ನನ್ನ ಹೆನುತ್ ಹೀಗೆ ಅರಮನೆ ಸೇರಿದಳು.

ಬಿಸ್ಕತ್ತಿನ ಡಬ್ಬಿಯಲ್ಲಿ ಕೂತು, ಹಡಗಿನಲ್ಲಿ, ಆಮೇಲೆ ರೈಲಿನಲ್ಲಿ ಗದಗಿಗೆ ಬಂದೆ. ಡಾಕ್ಟರು ಸಾಯುವ ಮುಂಚೆ ನನ್ನನ್ನು ಊರಿನ ಒಂದು ಕಾಲೇಜಿಗೆ ಕೊಟ್ಟರು. ಕಾಲೇಜಿನವರು ಗಾಜಿನ ಬೀರುವಿನಲ್ಲಿ, ಒಂದು ಹುತ್ತದ ಮಣ್ಣು ಮತ್ತು ಎರಡು ತಲೆಯ ಕರುವಿನ ನಡುವೆ ನನಗೆ ಜಾಗ ಮಾಡಿ, 'ಈಜಿಪ್ಟಿನ ರಾಜಕುಮಾರಿ' ಎಂದು ಚೀಟಿ ಅಂಟಿಸಿದರು.

ಆ ಬೀರುವಿನ ಉಸ್ತುವಾರಿಗೆ ಬಂದವರು ಅಂದಾನಪ್ಪ ಕಬಾಡಿ. ಇತಿಹಾಸದ ಮೇಷ್ಟ್ರು, ಬೆಟಗೇರಿಯ ನೇಕಾರರ ಮನೆಯವರು, ಮಗ್ಗ ಬಿಟ್ಟು ಓದಿದವರು. ಮೂವತ್ತು ವರ್ಷ ಅವರು ಶಾಲೆಯ ಮಕ್ಕಳಿಗೆ ನನ್ನನ್ನು ತೋರಿಸಿ ರಾಜಕುಮಾರಿಯ ಕಥೆ ಹೇಳಿದರು. ಅವಳ ಚಿನ್ನದ ಕುರ್ಚಿ, ಬೆಕ್ಕಿನ ಮರಿ, ಕಣ್ಣಿಗೆ ತೀಡಿದ ಕಾಡಿಗೆ. ಒಂದೂ ನಿಜವಲ್ಲ, ಆದರೆ ಅವರು ಹೇಳುವ ಚಂದಕ್ಕೆ ನನಗೂ ನಂಬಬೇಕು ಅನಿಸುತ್ತಿತ್ತು. ಬಜಾರಿನಲ್ಲಿ ಹೋದರೆ ಜನ ಅವರನ್ನು 'ರಾಜಕುಮಾರಿ ಸರ್' ಎಂದೇ ಕರೆಯುತ್ತಿದ್ದರು. ಕರೆದಾಗಲೆಲ್ಲ ಅವರ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿತ್ತಂತೆ.

ಅವರ ನಿವೃತ್ತಿಗೆ ಒಂದು ವರ್ಷ ಇದ್ದಾಗ ಹುಬ್ಬಳ್ಳಿಯಿಂದ ಡಾಕ್ಟರ್ ನಸೀಮಾ ಮುಲ್ಲಾ ಬಂದರು. ಹಲ್ಲಿನ ಡಾಕ್ಟರು, ಹಳೆಯ ಕಾಲದ ಹಲ್ಲುಗಳಲ್ಲಿ ಆ ಕಾಲದ ಜನರ ಬದುಕನ್ನು ಓದುವುದು ಅವರ ಹವ್ಯಾಸ. ಭೂತಗನ್ನಡಿ, ಸಣ್ಣ ದೀಪ, ತೆಳ್ಳನೆಯ ಕಡ್ಡಿ ತಂದಿದ್ದರು. ನನ್ನನ್ನು ಬಿಳಿ ಬಟ್ಟೆಯ ಮೇಲೆ ಇಟ್ಟರು. ಅಂದಾನಪ್ಪನವರು ಪಕ್ಕದಲ್ಲೇ, ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ನಿಂತರು.

ಸವೆದ ತುದಿ ನೋಡಿ ನಸೀಮಾ ಅವರು, ಇವಳು ಮರಳು ಬೆರೆತ ರೊಟ್ಟಿ ತಿಂದವಳು ಎಂದರು. ಅಂದಾನಪ್ಪನವರು ಚೀಟಿಯ ಕಡೆ ನೋಡಿದರು. ಆದರೆ ಆ ನಾಡಿನಲ್ಲಿ ದೊರೆಗಳ ಹಲ್ಲೂ ಹೀಗೇ ಸವೆದಿರುತ್ತವೆ, ಮರಳಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ ಎಂದು ನಸೀಮಾ ಅವರೇ ಸೇರಿಸಿದಾಗ ಮೇಷ್ಟ್ರಿಗೆ ಉಸಿರು ಬಂತು. ಆಮೇಲೆ ಅಡ್ಡಗೆರೆ ಕಂಡಿತು. ಸುಮಾರು ನಾಲ್ಕನೆಯ ವಯಸ್ಸಿನಲ್ಲಿ ಈ ಮಗು ಹಸಿದಿದೆ, ಇಲ್ಲವೇ ದೊಡ್ಡ ಕಾಯಿಲೆ ಬಿದ್ದಿದೆ, ಅದನ್ನು ದಾಟಿ ಬದುಕಿದೆ, ಯಾರೋ ಚೆನ್ನಾಗಿ ನೋಡಿಕೊಂಡಿರಬೇಕು ಎಂದರು. ನಾಲ್ಕು ಸಾವಿರ ವರ್ಷದ ಮೇಲೆ ಯಾರೋ ಅಜ್ಜಿಯ ಬಾಗಿಲವರೆಗೆ ಬಂದು ನಿಂತಿದ್ದರು. ನನಗೆ ಅಳು ಬರುವ ಹಾಗಿದ್ದರೆ ಅತ್ತುಬಿಡುತ್ತಿದ್ದೆ.

"ಅರಮನ್ಯಾಗಿನ ಹುಡುಗೀಗೂ ಜಡ್ಡು ಬರಬೌದಲ್ರಿ ಮೇಡಂ," ಎಂದರು ಮೇಷ್ಟ್ರು.

"ಬರಬೌದ್ರಿ ಸರ್. ಇದರ ಮ್ಯಾಲೆ ಏನೂ ಹೇಳಾಕ ಆಗಂಗಿಲ್ಲ. ನಿಮ್ಮ ರಾಜಕುಮಾರಿ ಇನ್ನೂ ಗಟ್ಟಿ ಅದಾಳ," ಎಂದು ನಸೀಮಾ ನಕ್ಕರು.

ಕಡೆಗೆ ದೀಪ ನನ್ನ ತುದಿಯ ಕಾಲುವೆಯ ಮೇಲೆ ಬಿತ್ತು. ಅವರು ನನ್ನನ್ನು ಹಾಗೆ ತಿರುಗಿಸಿದರು, ಹೀಗೆ ತಿರುಗಿಸಿದರು. ಊಟದಿಂದ ಇಂಥ ಗುರುತು ಬೀಳುವುದಿಲ್ಲ, ಕಾಯಿಲೆಯಿಂದಲೂ ಅಲ್ಲ, ಯಾವುದೋ ಕೆಲಸದ್ದು. ಯಾವ ಕೆಲಸವೋ ತಿಳಿಯುತ್ತಿಲ್ಲ ಎಂದರು. ಗೊತ್ತಿಲ್ಲ ಎಂದೇ ಬರೆದುಕೊಳ್ಳುತ್ತೇನೆ, ನೀವೂ ಒಮ್ಮೆ ನೋಡಿ ಎಂದು ಭೂತಗನ್ನಡಿಯನ್ನು ಮೇಷ್ಟ್ರ ಕೈಗೆ ಕೊಟ್ಟರು.

ಮೂವತ್ತು ವರ್ಷ ದಿನವೂ ಗಾಜು ಒರೆಸಿದವರು ನನ್ನನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಭೂತಗನ್ನಡಿಯ ಆಚೆ ಅವರ ಕಣ್ಣು ಒಂದು ಕೆರೆಯಷ್ಟು ದೊಡ್ಡದಾಗಿ ಕಂಡಿತು. ಅದು ನನ್ನ ಕಾಲುವೆಯನ್ನು ನೋಡಿತು. ನೋಡಿ, ಅಲ್ಲೇ ನಿಂತಿತು. ಅವರಿಗೆ ತಿಳಿಯಿತು ಎಂದು ನನಗೆ ತಿಳಿಯಿತು.

ಸುಮ್ಮನಿದ್ದರೆ ಸಾಕಿತ್ತು. ಚೀಟಿ ಹಾಗೇ ಇರುತ್ತಿತ್ತು, ಬಜಾರಿನ ಹೆಸರು ಹಾಗೇ ಇರುತ್ತಿತ್ತು. ಅವರು ಕನ್ನಡಿ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದರು. ನಸೀಮಾ ತಮ್ಮ ಸಾಮಾನು ಚೀಲಕ್ಕೆ ತುಂಬತೊಡಗಿದರು.

"ಬರಕೋಬ್ಯಾಡ್ರಿ ಮೇಡಂ, ಗೊತ್ತಿಲ್ಲ ಅಂತ," ಎಂದರು ಅಂದಾನಪ್ಪ. "ಇದು ನೂಲಿಂದು. ಎಳಿ ಹರದಾಗ ತುದಿ ಹಲ್ಲಾಗ ಕಚ್ಚಿ ಹಿಡದು ಗಂಟು ಹಾಕ್ತಾರ. ನಮ್ಮವ್ವ ತುಂಗವ್ವಂದು ಹಿಂಗ ಇತ್ತು. ಇದ ಜಾಗಾ, ಇಷ್ಟ ಅಗಲ."

ನಸೀಮಾ ಕೈಯಲ್ಲಿದ್ದುದನ್ನು ಹಾಗೇ ಹಿಡಿದುಕೊಂಡು ಕೇಳುತ್ತಿದ್ದರು.

"ನನ್ನ ಡಿಗ್ರಿ ಬಂದಾಗ ಫೋಟೋ ತಗಸಾಕ ಕರಕೊಂಡು ಹೋಗಿದ್ದೆ. ಅಕಿ ನಕ್ಕಳು. ಬಾಯಿ ಮುಚ್ಚವಾ, ಹಲ್ಲು ಕಾಣ್ತಾವ ಅಂದೆ. ಮುಂದ ಯಾವ ಫೋಟೋದಾಗೂ ಅಕಿ ನಗಲಿಲ್ರಿ."

ನಸೀಮಾ ಚೀಲದಿಂದ ಕಡ್ಡಿಯನ್ನು ಮತ್ತೆ ತೆಗೆದರು. ನನ್ನ ಬುಡದಲ್ಲಿ ಕಲ್ಲಾಗಿ ಕೂತಿದ್ದ ಕೊಳೆಯನ್ನು ಸಾಸಿವೆಯಷ್ಟು ಕೆರೆದು ಹುಬ್ಬಳ್ಳಿಗೆ ಒಯ್ದರು. ತಿಂಗಳ ಮೇಲೆ ಕಾಗದ ಬಂತು: ಕೊಳೆಯಲ್ಲಿ ಗೋಧಿಯ ಹಿಟ್ಟಿನ ಕಣ, ಮರಳು, ಅಗಸೆಯ ನಾರಿನ ಚೂರು ಸಿಕ್ಕಿದೆ, ನಿಮ್ಮ ಮಾತೇ ಸರಿ. ಮೇಷ್ಟ್ರು ಕಾಗದವನ್ನು ಎರಡು ಸಲ ಓದಿದರು. ಬೀರು ತೆರೆದು, ಹಳದಿಯಾಗಿದ್ದ ಚೀಟಿಯನ್ನು ನೀರು ಹಚ್ಚಿ ನೆನೆಸಿ, ಹರಿಯದ ಹಾಗೆ ಬಿಡಿಸಿ ಜೇಬಿಗೆ ಹಾಕಿಕೊಂಡರು. ಹೊಸದರಲ್ಲಿ ಬರೆದರು: 'ನೂಲುವ ಹೆಂಗಸು. ಈಜಿಪ್ಟ್. ಹೆಸರು ತಿಳಿಯದು.'

ಆ ವಾರವೇ ಬೆಟಗೇರಿಯ ಶಾಲೆಯೊಂದರ ಹುಡುಗಿಯರು ಬಂದರು. ಅಕ್ಕಂದಿರಿಂದ ಕಥೆ ಕೇಳಿಯೇ ಬಂದವರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಇವಳು ರಾಜಕುಮಾರಿಯಲ್ಲ, ಇಷ್ಟು ದಿನ ನಾನು ತಪ್ಪು ಹೇಳಿದೆ ಎಂದರು. ಹುಡುಗಿಯರ ಮುಖ ಬಾಡಿತು. ಎರಡು ಜಡೆಯವಳೊಬ್ಬಳು ನೇರವಾಗಿಯೇ ಕೇಳಿದಳು:

"ಹಂಗಾದ್ರ ಇಕಿನ್ನ ಯಾಕ ಇಟ್ಟೀರಿ ಸರ್?"

ಚಿನ್ನದ ಕುರ್ಚಿ ಇಲ್ಲದೆ ಕಥೆ ಹೇಳಿ ಮೇಷ್ಟ್ರಿಗೆ ಅಭ್ಯಾಸವಿಲ್ಲ. ಬೀರುವಿನಿಂದ ನನ್ನನ್ನು ತೆಗೆದು ಅಂಗೈಯ ಮೇಲೆ ಇಟ್ಟುಕೊಂಡು, ಕಾಲೇಜಿನ ಭೂತಗನ್ನಡಿ ಹಿಡಿದು, ಒಬ್ಬೊಬ್ಬರಾಗಿ ನೋಡಿ ಎಂದರು, ಅಷ್ಟೇ. ಹುಡುಗಿಯರು ನೋಡಿದರು. ನೋಡುತ್ತ ನೋಡುತ್ತ ಪ್ರಶ್ನೆಗಳು ಶುರುವಾದವು. ರಾಜಕುಮಾರಿಯ ಬಗ್ಗೆ ಯಾರೂ ಕೇಳದಿದ್ದ ಪ್ರಶ್ನೆಗಳು. ಇವಳು ಕೆಲಸಕ್ಕೆ ಹೋದರೆ ಕೂಸನ್ನು ಯಾರು ನೋಡುತ್ತಿದ್ದರು, ಮಧ್ಯಾಹ್ನ ಉಣ್ಣಲು ಬಿಡುತ್ತಿದ್ದರೋ ಇಲ್ಲವೋ, ನೂಲುವಾಗ ಹಾಡುತ್ತಿದ್ದಳೋ. ಬಾಯಲ್ಲಿ ಎಳೆ ಇಟ್ಟುಕೊಂಡು ಹ್ಯಾಂಗ ಹಾಡ್ತಾಳಲೇ ಎಂದು ಒಬ್ಬಳು ಇನ್ನೊಬ್ಬಳನ್ನು ತಿವಿದಳು. ಎರಡು ಜಡೆಯವಳು ಮಾತ್ರ ಕನ್ನಡಿ ಬಿಟ್ಟುಕೊಡದೆ, ತನ್ನ ನಾಲಿಗೆಯಿಂದ ತನ್ನ ಕೋರೆಹಲ್ಲನ್ನು ಸವರಿ ನೋಡಿಕೊಳ್ಳುತ್ತಿದ್ದಳು.

"ಇಕಿಗೆ ನೋವಾಗತಿತ್ತೇನ್ರಿ ಸರ್?"

ನಾಲ್ಕು ಸಾವಿರ ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಹೆನುತಳ ಗಂಡ ಕೇಳಿರಲಿಲ್ಲ. ಮೇಸ್ತ್ರಿ ಕೇಳುವ ಮಾತೇ ಇಲ್ಲ. ಅವಳೂ ಯಾರಿಗೂ ಹೇಳಿದವಳಲ್ಲ; ಬೆಳಿಗ್ಗೆ ತಣ್ಣೀರು ಬಾಯಿಗೆ ಹಾಕಿದಾಗ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದಳು, ಮತ್ತೆ ಎಳೆ ಕೈಗೆತ್ತಿಕೊಳ್ಳುತ್ತಿದ್ದಳು. ಅದನ್ನು ಬಲ್ಲವನು ನಾನೊಬ್ಬನೇ.

ಅಂದಾನಪ್ಪನವರು ನನ್ನನ್ನು ಆ ಹುಡುಗಿಯ ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದರು.

"ನಮ್ಮವ್ವಗ ಆಗತಿತ್ತವಾ," ಎಂದರು ಅವರು.