ಏಳನೇ ಪಾಠಕ್ಕೆ ಬಂದ ಪ್ರಶ್ನೆ

ರಾಮಚಂದ್ರಪ್ಪ ಮೇಷ್ಟ್ರು ‘ಅಳಿಸು’ ಅನ್ನುವ ಗುಂಡಿ ಒತ್ತಿ, ಫೋನನ್ನು ಬೋರಲು ಹಾಕಿ ಮೇಜಿನ ಮೇಲಿಟ್ಟರು. ಅಷ್ಟು ಸಾಲದು ಅನ್ನಿಸಿ ಅದರ ಮೇಲೆ ದಿನಪತ್ರಿಕೆಯನ್ನೂ ಮುಚ್ಚಿದರು. ಭಾನುವಾರ ಬೆಳಗ್ಗೆ ಏಳೂವರೆ. ಹತ್ತೂವರೆಗೆ ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯಲ್ಲಿ ‘ಅಂಗಳಪಾಠ’ದ ಉದ್ಘಾಟನೆ. ಬಂಗಾರಪೇಟೆಯಿಂದ ಒಂಬತ್ತು ಗಂಟೆಯ ಬಸ್ಸು ಹಿಡಿದರೆ ಸಾಕಿತ್ತು.

“ಏನ್ರೀ, ಒತ್ತಾರೇನೇ ಮಖ ಇಂಗ್ ಮಾಡ್ಕಂಡಿದೀರ?” ಎಂದು ಹೆಂಡತಿ ಅಶ್ವತ್ಥಮ್ಮ ಕಾಫಿ ಲೋಟ ಇಟ್ಟರು.

“ಏನಿಲ್ಲ ಕಣೆ. ನನ್ ಪಾಠದ ಕೆಳ್ಗೆ ಯಾರೋ ಏನೋ ಬರ್ದಿದ್ರು. ತೆಗ್ದಾಕ್ದೆ.”

“ಬೈದಿದ್ರಾ?”

“ಬೈದಿದ್ರೆ ಓಗ್ಲಿ ಅಂತ ಬಿಡ್ತಿದ್ದೆ.”

ಅಶ್ವತ್ಥಮ್ಮನಿಗೆ ಈ ಮಾತು ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಉಮೇದು ಮೇಷ್ಟ್ರಿಗೂ ಇರಲಿಲ್ಲ.

ಅಂಗಳಪಾಠ ಎಂದರೆ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಮಕ್ಕಳು ಪಾಠ ಕಲಿಯುವ ಜಾಲತಾಣ. ಬಂಗಾರಪೇಟೆ, ಕೆ.ಜಿ.ಎಫ್., ಬೇತಮಂಗಲದ ನಲವತ್ತು ಜನ ಸೇರಿ ಎರಡು ವರ್ಷದಿಂದ ಅದನ್ನು ಕಟ್ಟುತ್ತಿದ್ದರು. ಅದಕ್ಕೆ ಕಂಪನಿ ಇಲ್ಲ, ಯಜಮಾನನಿಲ್ಲ, ಫೀಸಿಲ್ಲ. ಒಳಗಿನ ಕೋಡು ಕೂಡ ಮುಕ್ತ. ತಿಳಿದವರು ಯಾರಾದರೂ ತೆಗೆದು ನೋಡಬಹುದು, ಸರಿಪಡಿಸಬಹುದು. ಪಾಠವೂ ಹಾಗೆಯೇ, ಗೊತ್ತಿದ್ದವರು ಹೇಳಿಕೊಡಬಹುದು, ಅನುಮಾನ ಬಂದವರು ಕೇಳಬಹುದು. ಇದಕ್ಕೆಲ್ಲ ಮುಂದೆ ನಿಂತವಳು ಕಾಲೇಜಿನಲ್ಲಿ ಪಾಠ ಹೇಳುವ ಭಾನುಪ್ರಿಯ. ನಿವೃತ್ತರಾಗಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದ ಮೇಷ್ಟ್ರನ್ನು ಎಳೆದು ತಂದವಳೂ ಅವಳೇ. ಮೇಷ್ಟ್ರು ಹುಮ್ಮಸ್ಸಿನಿಂದ ಮೂವತ್ತು ಪಾಠ ಮಾಡಿಕೊಟ್ಟರು. ಪರೀಕ್ಷಾರ್ಥವಾಗಿ ಬಿಟ್ಟ ಒಂದು ತಿಂಗಳಲ್ಲಿ ಮಕ್ಕಳು ಹೆಚ್ಚು ನೋಡಿದ್ದು ಅದರಲ್ಲಿ ಏಳನೆಯದನ್ನು. ಹೆಸರು ‘ನಮ್ಮ ಕಾಲಡಿಯ ಗಣಿ’. ಭೂಮಿಯ ಒಳಗೆ ಹೋದಷ್ಟೂ ಬಿಸಿ ಏರುವುದು ಹೇಗೆ, ಎರಡು ಮೈಲಿ ಆಳದಲ್ಲಿ ಬಂಡೆ ಯಾಕೆ ಕೈ ಸುಡುತ್ತದೆ ಎಂದು ಮೇಷ್ಟ್ರು ಕೈ ಆಡಿಸುತ್ತ ವಿವರಿಸುವುದನ್ನು ನೋಡಿದರೆ, ಅವರೇ ಇಳಿದು ಮುಟ್ಟಿ ಬಂದಂತೆ ಅನ್ನಿಸುತ್ತಿತ್ತು.

ಆ ಪಾಠದ ಕೆಳಗೆ ಬಂದಿದ್ದು ಎರಡೇ ಸಾಲು. “ಸಾರ್, ಐದನೇ ಕ್ಲಾಸಲ್ಲಿ ನಮಗೆ ಆಳ ಹೋದಷ್ಟೂ ತಂಪು ಅಂತ ಹೇಳಿಕೊಟ್ಟಿದ್ರಿ. ಬಿಸಿ ಅಂತ ನಿಮಗೆ ಯಾವಾಗ ಗೊತ್ತಾಯ್ತು?” ಕೊನೆಯಲ್ಲಿ ಒಂದು ನಗುಮುಖ. ಕೆಳಗೆ ಹೆಸರು: ಕಲಾ ಸೆಲ್ವರಾಜ್, ಆಂಡರ್ಸನ್‌ಪೇಟೆ.

ಹೆಸರು ಓದಿದೊಡನೆ ಮೇಷ್ಟ್ರ ಕಿವಿ ಬಿಸಿಯಾಗಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೂ ಅವರು ಹೊರಗೆ ನೋಡಲಿಲ್ಲ. ಮನಸ್ಸು ಆ ಐದನೇ ಕ್ಲಾಸಿಗೆ ಹೋಗಿತ್ತು. ಆಗ ಅವರಿಗೆ ಇಪ್ಪತ್ತೆಂಟು ವರ್ಷ, ಆಂಡರ್ಸನ್‌ಪೇಟೆಯ ಶಾಲೆಗೆ ಹೊಸದಾಗಿ ವರ್ಗವಾಗಿ ಬಂದಿದ್ದರು. ಬೇತಮಂಗಲದ ಆಚೆಯ ಹಳ್ಳಿಯಲ್ಲಿ ಹುಟ್ಟಿದವರು. ಬೇಸಿಗೆಯಲ್ಲಿ ಬಾವಿಯ ಹೂಳೆತ್ತಲು ಇಳಿದಾಗ ಒಳಗೆ ಎಷ್ಟು ತಣ್ಣಗಿರುತ್ತದೆ ಎಂದು ಮೈಯೇ ಬಲ್ಲದು. ಚಿನ್ನದ ಗಣಿಯನ್ನು ಮಾತ್ರ ದೂರದಿಂದ ಕಂಡಿದ್ದರು. ಪಾಠದ ನಡುವೆ ಯಾವುದೋ ಮಾತಿಗೆ, “ಬಾವೀನೇ ಅಷ್ಟು ತಂಪು ಅಂದ್ರೆ ಗಣಿ ಎಷ್ಟು ತಂಪಿರಬೇಕು, ನೀವೇ ಲೆಕ್ಕ ಹಾಕಿ” ಎಂದುಬಿಟ್ಟಿದ್ದರು. ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದ ಹುಡುಗಿಯೊಬ್ಬಳು ಎದ್ದು ನಿಂತು, “ಇಲ್ಲಾ ಸಾರ್, ಒಳ್ಗೆ ಬಂಡೆ ಮುಟ್ಟಿದ್ರೆ ಸುಡ್ತದಂತೆ, ನಮ್ಮಪ್ಪ ಏಳ್ತಾರೆ” ಅಂದಳು.

ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳ ಅಪ್ಪಂದಿರು ಗಣಿಗೆ ಇಳಿಯುವವರೇ. ಅವರಿಗೂ ಗೊತ್ತಿತ್ತು. ಆದರೆ ಹೊಸ ಮೇಷ್ಟ್ರ ಮುಖ ನೋಡಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಎದುರುತ್ತರ ಕೊಟ್ಟಳೆಂದು ಮೇಷ್ಟ್ರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕಲಾಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ‘ಸುಳ್ಳಿ’ ಅಂದರು. ಮಾರನೆಯ ದಿನ ಅಪ್ಪನನ್ನು ಕರೆತರಲು ಹೇಳಿದರು.

ಅಪ್ಪ ಸೆಲ್ವರಾಜ್ ಪಾಳಿ ಮುಗಿಸಿ ನೇರವಾಗಿ ಬಂದಿದ್ದ. ಖಾಕಿ ಅಂಗಿಯ ಬೆನ್ನು, ಕಂಕುಳಲ್ಲೆಲ್ಲ ಬೆವರು ಒಣಗಿ ಉಪ್ಪು ಬೆಳ್ಳಗೆ ಗೆರೆಗೆರೆಯಾಗಿ ಕೂತಿತ್ತು. ತಂಪಿನಲ್ಲಿ ಕೆಲಸ ಮಾಡಿದವನ ಅಂಗಿ ಹಾಗಿರುವುದಿಲ್ಲ. ಮೇಷ್ಟ್ರು ಆ ಉಪ್ಪನ್ನು ನೋಡಿದರು. ಒಂದು ಮಾತು ಕೇಳಬಹುದಾಗಿತ್ತು, ಕೇಳಲಿಲ್ಲ. “ಮಗಳಿಗೆ ಇಲ್ಲದ್ದೆಲ್ಲ ಹೇಳಿಕೊಡ್ತೀಯಂತೆ” ಎಂದು ಗದರಿದರು.

“ನೀವು ಓದ್ದೋರು ಸಾರ್. ನಾವ್ ಕತ್ಲಲ್ಲಿ ಇರೋರು, ನಮ್ಗೇನ್ ತಿಳೀತದೆ” ಎಂದು ಸೆಲ್ವರಾಜ್ ಮಗಳ ಕಡೆ ತಿರುಗಿ, “ಸಾರ್ ಕಿಟ್ಟೆ ಮನ್ನಿಪ್ಪು ಕೇಳುಮ್ಮಾ” ಎಂದು ತಮಿಳಿನಲ್ಲಿ ಕ್ಷಮೆ ಕೇಳಲು ಹೇಳಿದ. ಅವಳು ಕೈ ಮುಗಿದಳು. ಮಗಳೊಬ್ಬಳೇ ಮುಗಿದರೆ ಚೆನ್ನಾಗಿರುವುದಿಲ್ಲವೆಂದೋ ಏನೋ, ಅವನೂ ಮುಗಿದ.

ಒಂದು ತಿಂಗಳೂ ಕಳೆದಿರಲಿಲ್ಲ, ಬಂಗಾರಪೇಟೆಯಲ್ಲಿ ಸಿಕ್ಕ ಹಳೆಯ ಪುಸ್ತಕವೊಂದರಲ್ಲಿ ಮೇಷ್ಟ್ರು ನಿಜ ಓದಿದರು. ನಾಳೆ ಹೇಳೋಣ ಅಂದುಕೊಂಡರು. ನಾಳೆ ಇನ್‌ಸ್ಪೆಕ್ಟರು ಬಂದರು. ಆಮೇಲೆ ಪರೀಕ್ಷೆ, ಆಮೇಲೆ ರಜೆ. ಮುಂದಿನ ವರ್ಷದ ಮಕ್ಕಳಿಗೆ ಸರಿಯಾಗಿಯೇ ಹೇಳಿಕೊಟ್ಟರು, ಅದರಲ್ಲಿ ತಮ್ಮ ಪಾಪ ಕಳೆಯಿತು ಎಂದು ಸಮಾಧಾನ ಮಾಡಿಕೊಂಡರು. ಕಲಾ ಆಮೇಲೆ ಎರಡು ವರ್ಷ ಅದೇ ಶಾಲೆಯಲ್ಲಿದ್ದಳು. ಒಂದು ದಿನವೂ ಕೈ ಎತ್ತಿ ಏನನ್ನೂ ಕೇಳಲಿಲ್ಲ.

ವಾಚನಾಲಯದ ಸಭಾಂಗಣ ತುಂಬಿತ್ತು. ಕೋಲಾರದ ಕಡೆಯ ಹಳ್ಳಿಗಳಿಂದಲೂ ಜನ ಬಂದಿದ್ದರು. ಮುಂದೆ ಜಮಖಾನದ ಮೇಲೆ ಮಕ್ಕಳು, ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ದೊಡ್ಡವರು. ಗೋಡೆಗೆ ಬಿಳಿ ಪಂಚೆ ಬಿಗಿದು ಅದನ್ನೇ ಪರದೆ ಮಾಡಿದ್ದರು. ಮೇಷ್ಟ್ರನ್ನು ಮೊದಲ ಸಾಲಿನಲ್ಲಿ ಕೂರಿಸಿ ಹೆಗಲಿಗೆ ಶಾಲು ಹೊದಿಸಿದರು. ಅವರು ತಿರುಗಿ ನೋಡಿದಾಗ, ಬಾಗಿಲ ಬಳಿಯ ಕುರ್ಚಿಯಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ನಕ್ಕಳು. ಮಗಳಿರಬೇಕು, ಪಕ್ಕದಲ್ಲಿ ಒಂಬತ್ತನೆಯದೋ ಹತ್ತನೆಯದೋ ಓದುವ ಹುಡುಗಿ. ಕೂದಲು ಅಲ್ಲಲ್ಲಿ ನರೆತಿದ್ದರೂ ಕಲಾಳ ಗುರುತು ಸಿಕ್ಕಿತು. ಮೇಷ್ಟ್ರು ತಟ್ಟನೆ ಮುಂದೆ ತಿರುಗಿದರು.

ಭಾನುಪ್ರಿಯ ಮೈಕು ಹಿಡಿದು ಉತ್ಸಾಹದಿಂದ ಮಾತಾಡುತ್ತಿದ್ದಳು. “ನಮ್ಮಲ್ಲಿ ಮುಚ್ಚುಮರೆ ಇಲ್ಲ. ಯಾರು ಏನ್ ಸೇರ್ಸಿದ್ರು, ಯಾರು ಏನ್ ತೆಗ್ದ್ರು, ಎಲ್ಲಾ ಈ ‘ಇತಿಹಾಸ’ ಅನ್ನೋ ಪುಟದಲ್ಲಿರುತ್ತೆ. ಅಳಿಸಿದ್ದೂ ಇರುತ್ತೆ. ನೋಡಿ, ನಮ್ಮ ಮೇಷ್ಟ್ರ ಪಾಠದ್ದೇ ತೋರಿಸ್ತೀನಿ.”

ಅಂಗಳಪಾಠದ ತರಬೇತಿಯಲ್ಲಿ ಇದನ್ನು ಎರಡು ಸಲ ಹೇಳಿದ್ದರು. ಮೇಷ್ಟ್ರು ಕೇಳಿಸಿಕೊಂಡಿದ್ದರು ಕೂಡ. ಯಾರೋ ತರಲೆ ಮಾಡುವವರಿಗೆ ಹೇಳುವ ಮಾತು, ತಮಗಲ್ಲ ಎಂದು ಬಿಟ್ಟಿದ್ದರು. ಬೋರ್ಡು ಒರೆಸಿದರೆ ಒರೆಸಿದ್ದು ಹೋಗುವುದನ್ನೇ ಮೂವತ್ತೈದು ವರ್ಷ ಕಂಡ ಕೈ ಅದು. ಈಗ ಪಂಚೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಕಲಾಳ ಎರಡು ಸಾಲು, ನಗುಮುಖ, ಅದರ ಕೆಳಗೆ ‘ಅಳಿಸಿದವರು: ರಾಮಚಂದ್ರಪ್ಪ, ಇಂದು ಬೆಳಗ್ಗೆ 7.28’ ಎಂದು ಮೂಡಿತು.

ಜಮಖಾನದ ಮಕ್ಕಳು ಗಟ್ಟಿಯಾಗಿ ಓದಿಕೊಳ್ಳತೊಡಗಿದರು.

“ಕೈ ತಪ್ಪಿ ಒತ್ಬಿಟ್ಟೆ ಅನ್ಸುತ್ತೆ ಕಣಮ್ಮ” ಅಂದರು ಮೇಷ್ಟ್ರು. ಅರವತ್ತು ದಾಟಿದ ಮೇಲೆ, ಶಾಲು ಹೊದ್ದುಕೊಂಡು, ಮಕ್ಕಳ ಮುಂದೆ ಸುಳ್ಳು ಹೇಳಿದೆನಲ್ಲ ಎಂದು ಅವರಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಅಯ್ಯೋ, ಪರವಾಗಿಲ್ಲ ಸಾರ್, ಆಗುತ್ತೆ. ವಾಪಸ್ ತರೋಣ” ಎಂದು ಭಾನುಪ್ರಿಯ ನಿಜಕ್ಕೂ ನಿರಾಳವಾಗಿ ಪ್ರಶ್ನೆಯನ್ನು ಮೊದಲಿದ್ದ ಜಾಗಕ್ಕೆ ತಂದಳು. “ಇಲ್ಲೇ ಉತ್ತರಾನೂ ಬರ್ದ್ಬಿಡಿ ಸಾರ್. ಹೇಗೆ ಕೆಲ್ಸ ಮಾಡುತ್ತೆ ಅಂತ ಎಲ್ರೂ ನೋಡ್ಲಿ. ಆದ್ರೆ ಒಂದು, ನೀವು ಬರ್ದಿದ್ದನ್ನ ನೀವೇ ಒಪ್ಪೋ ಹಾಗಿಲ್ಲ. ಕೇಳಿದವ್ರು ಒಪ್ಬೇಕು. ಕಲಾ ಅಕ್ಕ ಬಂದಿದ್ದಾರಾ?”

ಕಲಾ ಸೆರಗು ಸರಿಮಾಡಿಕೊಳ್ಳುತ್ತ ಮುಂದೆ ಬಂದಳು. “ತಮಾಷೆಗ್ ಕೇಳ್ದೆ ಮೇಡಂ. ನನ್ ಮಗ್ಳು ಸಾರ್ ಪಾಠ ನೋಡ್ತಿದ್ಲು, ನೆಪ್ಪಾಯ್ತು” ಎಂದು ಸಂಕೋಚದಿಂದ ನಕ್ಕಳು. ಮೇಷ್ಟ್ರು ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಒತ್ತಿದರು. ‘ತಂಪು ಎಂದು ಹೇಳಿದ್ದು ತಪ್ಪು. ಬಿಸಿ ಎಂಬುದೇ ಸರಿ.’

ಕಲಾ ತುಟಿ ಆಡಿಸುತ್ತ ಓದಿದಳು. “ಸರಿ ಸಾರ್. ಆದ್ರೆ ಯಾವಾಗ್ ಗೊತ್ತಾಯ್ತು ಅಂತಲ್ವಾ ನಾನ್ ಕೇಳಿದ್ದು? ಅದ್ಕೆ ಬಂದಿಲ್ಲ.”

ಹಿಂದೆ ಯಾರೋ ನಕ್ಕರು. ಕಲಾಳೂ ನಗುತ್ತಿದ್ದಳು, ನೋಟ್ಸು ತಿದ್ದುವ ಅಧಿಕಾರ ತನಗೆ ಬಂತಲ್ಲ ಎಂಬ ಸಣ್ಣ ಖುಷಿ ಅಷ್ಟೇ. ನಿವೃತ್ತಿ ಆದ ಮೇಲೆ ಎಂದರೂ ಅವಳು ಒಪ್ಪುತ್ತಿದ್ದಳು, ಹತ್ತು ವರ್ಷದ ಹಿಂದೆ ಎಂದರೂ ಒಪ್ಪುತ್ತಿದ್ದಳು. ಅದು ಮೇಷ್ಟ್ರಿಗೆ ಗೊತ್ತಿತ್ತು. ಆದರೂ ಒಂದೊಂದೇ ಅಕ್ಷರ ಪಂಚೆಯ ಮೇಲೆ ಬಂತು. ‘ಅದೇ ವರ್ಷ ಗೊತ್ತಾಯಿತು. ನಾಚಿಕೆಯಿಂದ ಹೇಳಲಿಲ್ಲ.’

ಕಲಾಳ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದು ಅಲ್ಲಿ ಮರೆತು ಉಳಿದದ್ದು.

“ಅದೇ ವರ್ಷಾನಾ ಸಾರ್?”

ಮೇಷ್ಟ್ರು ತಲೆಯಾಡಿಸಿದರು.

“ನಮ್ಮಪ್ಪ ಅದಾದ್ಮೇಲೆ ಅದ್ನಾರು ವರ್ಷ ಇದ್ರು” ಅಂದಳು ಕಲಾ. ದನಿ ಏರಲಿಲ್ಲ. “ನೀವ್ ಬಸ್ಸಿಳ್ದು ದಿನಾ ನಮ್ಮನೆ ಮುಂದೇನೇ ಸ್ಕೂಲಿಗ್ ಓಗ್ತಿದ್ರಿ. ಜಗ್ಲಿ ಮ್ಯಾಲ್ ಕೂತಿದ್ರೆ ಎದ್ ನಿಂತು ನಮಸ್ಕಾರ ಮಾಡೋರು ನಿಮ್ಗೆ. ಗಣಿ ಮುಚ್ಚಿದ್ಮೇಲೂ. ಅವತ್ತಿಂದ ಒಳ್ಗಡೆ ಇಂಗಿರ್ತದೆ, ಅಂಗಿರ್ತದೆ ಅಂತ ನಮ್ ಅತ್ರ ಒಂದ್ ಮಾತೂ ಆಡ್ಲಿಲ್ಲ. ಕೇಳಿದ್ರೆ, ನಿಮ್ ಸಾರ್‌ನ ಕೇಳು, ಅವ್ರಿಗ್ ಗೊತ್ತು, ಅನ್ನೋರು.”

ಮೇಷ್ಟ್ರಿಗೆ ಆ ನಮಸ್ಕಾರಗಳು ನೆನಪಿದ್ದವು. ಪ್ರತಿ ಸಲವೂ ಕೊಡೆಯನ್ನೋ ಚೀಲವನ್ನೋ ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿ, ತಲೆ ಅಲ್ಲಾಡಿಸಿ ಮುಂದೆ ಹೋಗಿಬಿಡುತ್ತಿದ್ದರು. ಈಗ ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಕಲಾ ಕಾಯಲಿಲ್ಲ. ಬಗ್ಗಿ, ಅವರ ಕೈ ತಾಗದ ಹಾಗೆ, ‘ಒಪ್ಪಿದೆ’ ಎಂಬಲ್ಲಿ ಒತ್ತಿದಳು. ಉತ್ತರದ ಕೆಳಗೆ ‘ಒಪ್ಪಿದವರು: ಕಲಾ ಸೆಲ್ವರಾಜ್’ ಎಂದು ಬಂತು. ಅವಳು ತನ್ನ ಕುರ್ಚಿಗೆ ಹೋಗಿ ಕೂರದೆ, ಬಾಗಿಲ ಬಳಿ ನಿಂತು ಮಗಳನ್ನು ಕರೆದಳು.

“ಇರಮ್ಮಾ, ಬರ್ಕೊತಾ ಇದೀನಿ” ಅಂದಳು ಮಗಳು, ನೋಟ್ ಬುಕ್ಕಿನಿಂದ ತಲೆ ಎತ್ತದೆ.

ಕಲಾಳ ಹಿಂದೆ ಹೋಗಬೇಕೆಂದು ಮೇಷ್ಟ್ರು ಎದ್ದರು. ಎದ್ದವರು ಪರದೆಗೆ ಬೆನ್ನು ಹಾಕಿ ಅಲ್ಲೇ ನಿಂತರು. ಪ್ರೊಜೆಕ್ಟರಿನ ಬೆಳಕು ಅವರ ಬಿಳಿ ಅಂಗಿಯ ಮೇಲೆ, ಶಾಲಿನ ಮೇಲೆ ಬಿದ್ದು, ಉತ್ತರದ ಅರ್ಧ ಅವರ ಎದೆಯ ಮೇಲೂ ಅರ್ಧ ಹಿಂದಿನ ಪಂಚೆಯ ಮೇಲೂ ಹರಡಿತು. ಜಮಖಾನದ ಮೇಲಿದ್ದ ಮಕ್ಕಳು ಕುತ್ತಿಗೆ ಆ ಕಡೆ ಈ ಕಡೆ ಮಾಡಿ ನೋಡಿದರು.

“ಸಾರ್, ವಸಿ ಪಕ್ಕಕ್ ಬನ್ನಿ” ಅಂದಿತು ಮುಂದಿನ ಸಾಲಿನ ಒಂದು ಮಗು. “ಓದಕ್ ಆಗ್ತಿಲ್ಲ.”

ಮೇಷ್ಟ್ರು ಪಕ್ಕಕ್ಕೆ ಬಂದರು.