ಸುಮ್ಮನಾದ ಕಂಬ

ನಮ್ಮ ಆಫೀಸಿನಲ್ಲಿ ಕೋಡ್ ರಿವ್ಯೂ ಹೇಗೆ ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೈ ಉರಿಯುತ್ತದೆ. ಒಬ್ಬರು ಬರೆದ ಕೋಡನ್ನು, ಅದು ಜನರ ಕೈಗೆ ಹೋಗುವ ಮೊದಲು, ಇನ್ನೊಬ್ಬರು ಓದಿ ತಪ್ಪು ಕಂಡಲ್ಲಿ ಪಕ್ಕದಲ್ಲೇ ಕಾಮೆಂಟು ಬರೆಯಬೇಕು. ಇಷ್ಟೇ ಕೆಲಸ. ಬಿಷ್ಕೆಕ್‌ನ ಈ ಮೂರನೇ ಮಹಡಿಯಲ್ಲಿ ಮಾತ್ರ ಅದರ ಅವತಾರವೇ ಬೇರೆ. ನಾನು ಕೋಡ್ ಬರೆದರೆ ಎಲ್ಲರಿಗೂ ಹೊಸದಾಗಿ ಕಣ್ಣು ಬಂದಂತಾಗುತ್ತದೆ. ಇಲ್ಲೊಂದು ಖಾಲಿ ಸಾಲು ಹೆಚ್ಚಾಯಿತು, ಈ ಹೆಸರು ಉದ್ದವಾಯಿತು, ಆ ಆವರಣ ಚಿಹ್ನೆ ಕೆಳಗಿನ ಸಾಲಿಗೆ ಇಳಿದರೆ ಚೆಂದ. ಅದೇ ಜಪಾರ್ ಬಾಯ್ಕೆ ಬರೆದರೆ, "ಚೆನ್ನಾಗಿದೆ ಬಾಯ್ಕೆ, ನಿಮ್ಮ ಕೈ ನೋಯದಿರಲಿ" ಎಂದು ಬರೆದು ಹೆಬ್ಬೆರಳು ಎತ್ತಿಬಿಡುತ್ತಾರೆ. ಒಬ್ಬರೂ ಓದಿರುವುದಿಲ್ಲ. ಅಷ್ಟುದ್ದದ ಕೋಡ್ ಓದಲು ಒಂದು ಬಟ್ಟಲು ಚಹಾ ಆರುವಷ್ಟು ಹೊತ್ತಾದರೂ ಬೇಡವೇ?

ಜಪಾರ್ ಬಾಯ್ಕೆಗೆ ಅರವತ್ತು ಹತ್ತಿರವಾಗಿದೆ. ಊರಿಗೆಲ್ಲ ಅಣ್ಣನಂಥವರು, ಅದಕ್ಕೇ ಬಾಯ್ಕೆ. ಒಂದು ಕಂಪ್ಯೂಟರ್ ಒಂದು ಕೋಣೆ ತುಂಬುತ್ತಿದ್ದ ಕಾಲದಿಂದ ಕೋಡ್ ಬರೆದವರು. ಈ ಆಫೀಸಿನ ಅರ್ಧ ಜನಕ್ಕೆ ಕೆಲಸ ಕಲಿಸಿದವರು, ನನಗೂ ಕೂಡ. ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ನನಗೆ ಜಗಳವಾಡುವುದು ಸುಲಭವಾಗುತ್ತಿತ್ತು.

ಆಫೀಸು ನಡೆಸುವ ಮರ್ಲೆನ್ ಎರಡು ವರ್ಷದ ಹಿಂದೆ ಒಂದು ನಿಯಮ ಮಾಡಿದ. ಕೋಡಿನ ಬಗ್ಗೆ ಯಾರಾದರೂ ಆಕ್ಷೇಪ ಎತ್ತಿದರೆ ಇನ್ನೊಬ್ಬರು ಅದಕ್ಕೆ ಹೌದು ಎನ್ನಬೇಕು. ಒಂದು ದಿನ ಕಳೆದರೂ ಎಲ್ಲರೂ ಸುಮ್ಮನಿದ್ದರೆ ಆಕ್ಷೇಪ ಬಿದ್ದುಹೋಯಿತು, ಕೋಡ್ ಪಾಸು. ಆಕ್ಷೇಪವೇ ಬರದಿದ್ದರೂ ಹಾಗೇ, ಒಂದು ದಿನಕ್ಕೆ ಪಾಸು. ಕೆಲಸ ಬೇಗ ಸಾಗಲಿ ಎಂದು ಮಾಡಿದ್ದಂತೆ. ದೊಡ್ಡವರ ಎದುರು ಬಾಯಿ ಬಿಡುವುದೇ ತಪ್ಪು ಎಂದು ಹುಟ್ಟಿನಿಂದ ಕಲಿತ ಜನರ ನಡುವೆ ಇಂಥ ನಿಯಮ ಮಾಡಲು ಎಂಥ ತಲೆ ಬೇಕು!

ಕಳೆದ ಶರತ್ಕಾಲದಲ್ಲಿ ಮಿನಿಬಸ್ ಚಾಲಕರ ಸಂಘದ ಕೆಲಸ ನಮಗೆ ಬಂತು. ತೋ-ಅಶೂ ಕಣಿವೆದಾರಿಯುದ್ದಕ್ಕೂ ಅವರು ಹಿಮ ಅಳೆಯುವ ಕಂಬ ನೆಟ್ಟಿದ್ದರು. ಕಂಬಗಳು ಕಳಿಸುವ ಅಳತೆ ಓದಿ, ರಸ್ತೆ ತೆರೆದಿದೆಯೋ, ಕಾಯಬೇಕೋ, ಮುಚ್ಚಿದೆಯೋ ಎಂದು ಡ್ರೈವರುಗಳ ಫೋನಿಗೆ ಮೆಸೇಜು ಕಳಿಸುವುದು ನಮ್ಮ ಕೋಡಿನ ಕೆಲಸ. ಬರೆದವರು ಜಪಾರ್ ಬಾಯ್ಕೆ. ನನ್ನ ಗಂಡ ಮಯ್ರಾಂಬೆಕ್ ಅದೇ ದಾರಿಯಲ್ಲಿ ತೊಕ್ತೊಗುಲ್‌ಗೆ ಮಿನಿಬಸ್ ಓಡಿಸುತ್ತಾನೆ. ಹಾಗಾಗಿ ನಾನು ಆ ಕೋಡನ್ನು ಕೂತು ಓದಿದೆ, ಒಂದೊಂದೇ ಸಾಲು.

ನಡುವೆ ಒಂದು ಸಾಲಿಗೆ ಬಂದು ನಿಂತೆ. ಕಂಬದಿಂದ ಏನೂ ಬರದಿದ್ದರೆ ಹಿಮವನ್ನು ಸೊನ್ನೆ ಎಂದು ಹಿಡಿ, ಎಂದಿತ್ತು. ಹಿಮ ಸೊನ್ನೆ ಎಂದರೆ ರಸ್ತೆ ತೆರೆದಿದೆ. ಆದರೆ ಆ ಘಟ್ಟದಲ್ಲಿ ಕಂಬ ಯಾವಾಗ ಸುಮ್ಮನಾಗುತ್ತದೆ? ಹಿಮದಲ್ಲಿ ಹೂತುಹೋದಾಗ!

ಅವರ ಕೋಡಿನಲ್ಲೂ ಖಾಲಿ ಸಾಲುಗಳಿದ್ದವು, ಮಾರುದ್ದದ ಹೆಸರುಗಳಿದ್ದವು. ಎಲ್ಲ ಬಿಟ್ಟೆ. ಹತ್ತು ಸಣ್ಣ ಮಾತು ಹೇಳಿದರೆ ದೊಡ್ಡ ಮಾತು ಅದರಡಿ ಸಿಕ್ಕಿಕೊಳ್ಳುತ್ತದೆಂದು ನನ್ನ ಅನುಭವ. ಒಂದೇ ಕಾಮೆಂಟು ಬರೆದೆ: "ಬಾಯ್ಕೆ, ಕಂಬ ಹಿಮದಲ್ಲಿ ಮುಚ್ಚಿಹೋಗಿ ಸುಮ್ಮನಾದರೆ ಡ್ರೈವರಿಗೆ ಏನು ಮೆಸೇಜು ಹೋಗುತ್ತದೆ? ನಾನು ಕೋಡ್ ಓಡಿಸಿ ನೋಡಿದೆ, 'ರಸ್ತೆ ತೆರೆದಿದೆ' ಎಂದು ಹೋಯಿತು. ಅಳತೆ ಬರದಿದ್ದಾಗ 'ಗೊತ್ತಿಲ್ಲ, ಕಾಯಿರಿ' ಎಂದು ಕಳಿಸೋಣವೇ?" ತಪ್ಪು ಎಂಬ ಪದ ಬಳಸಲಿಲ್ಲ. ಬೇಕಿದ್ದರೆ ಇಡೀ ಆಫೀಸು ಓದಿಕೊಳ್ಳಲಿ, ಅದರಲ್ಲಿ ಮುಳ್ಳಿಲ್ಲ.

ಮಧ್ಯಾಹ್ನ ಸಹೋದ್ಯೋಗಿ ಚಿನಾರ ಆಫೀಸಿನ ಅಡುಗೆಮನೆಯಲ್ಲಿ ಸಿಕ್ಕಿದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಚುರುಕು; ಅದಕ್ಕೇ ನಾನು ಅವಳಿಗೆ ಎಜೆ, ಅಂದರೆ ಅಕ್ಕ. ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು.

"ಎಜೆ, ನೀವು ಬರ್ದಿದ್ದು ನೂರಕ್ಕೆ ನೂರು ಸರಿ."

"ಹಂಗಾದ್ರೆ ಅದನ್ನ ಅಲ್ಲೇ ಬರಿ. ಒಂದು 'ಹೌದು' ಸಾಕು."

"ಅಯ್ಯೋ, ಬಾಯ್ಕೆ ಎದುರಿಗಾ? ನಂಗೆ ಕೆಲಸ ಕಲ್ಸಿದ್ದೇ ಅವ್ರು. ನಮ್ಮಮ್ಮಂಗೆ ಗೊತ್ತಾದ್ರೆ ಮನೆಗೆ ಸೇರ್ಸಲ್ಲ."

"ನಿಮ್ಮಮ್ಮ ಆ ಘಟ್ಟದ ಬಸ್ಸಲ್ಲಿ ಕೂತಿದ್ರೆ?"

ಅವಳು ಸಮ್ಸಾ ಕಚ್ಚಿಕೊಂಡು ತಲೆ ತಗ್ಗಿಸಿದಳು. ನನಗೆ ಅವಳ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

ಮರ್ಲೆನ್ ಹತ್ತಿರ ಹೋದೆ. ಅವನು ಪರದೆಯಿಂದ ಕಣ್ಣೇ ಎತ್ತಲಿಲ್ಲ. "ಎಜೆ, ಎಲ್ರೆದುರಿಗೂ ಬಾಯ್ಕೆ ಮರ್ಯಾದೆ ತೆಗೆದ್ರಲ್ಲ, ಒಂದ್ ಮಾತು ಕಿವೀಲಿ ಹೇಳ್ಬಾರ್ದಿತ್ತಾ?"

ಸರಿ, ಕಿವಿಯಲ್ಲಿ ಹೇಳೋಣ ಎಂದು ಜಪಾರ್ ಬಾಯ್ಕೆ ಹತ್ತಿರವೇ ಹೋದೆ. ಅವರು ನಕ್ಕು, ಚಹಾ ಬಗ್ಗಿಸಿಕೊಟ್ಟರು.

"ಬುರುಲ್, ಕಂಬ ಯಾಕಮ್ಮ ಸುಮ್ನಾಗುತ್ತೆ? ಬ್ಯಾಟರಿ ನಾನೇ ಮುಂದೆ ನಿಂತು ಹಾಕ್ಸಿದೀನಿ. ನಿಂಗೆ ಗಂಡನ ಚಿಂತೆ, ಅದಕ್ಕೆ ಹಿಂಗೆಲ್ಲ ಅನ್ಸುತ್ತೆ."

"ಗಂಡನ ಚಿಂತೆ ಅಲ್ಲ ಬಾಯ್ಕೆ, ಓಡಿಸಿ ನೋಡಿದೀನಿ. ಬನ್ನಿ, ತೋರಿಸ್ತೀನಿ."

"ನೋಡೋಣ, ನೋಡೋಣ."

ಆ ನೋಡೋಣ ಎಂಬುದು ಬರಲೇ ಇಲ್ಲ. ಮಾರನೆಯ ದಿನ ಸಂಜೆಗೆ ನನ್ನ ಆಕ್ಷೇಪ ತಾನಾಗಿಯೇ ಬಿದ್ದುಹೋಯಿತು. ಶುಕ್ರವಾರ ಮೇಜಿನ ಮೇಲೆ ಎಣ್ಣೆಯಲ್ಲಿ ಕರಿದ ಬೋರ್ಸೋಕ್ ಸುರಿದು, ಜಾಮು, ಬೆಣ್ಣೆ ಇಟ್ಟು, ಹೊಸ ಕೋಡಿಗೆ ಜಪಾರ್ ಬಾಯ್ಕೆ ಅಂಗೈ ಬಿಚ್ಚಿ ಹಾರೈಕೆಯ ಬಾತಾ ಹೇಳಿದರು. ದಾರಿ ಬೆಳಗಲಿ, ಹೋದವರು ಮರಳಲಿ. ಎಲ್ಲರೂ ಓಮಿನ್ ಎಂದು ಮುಖ ಸವರಿಕೊಂಡರು, ನಾನೂ ಸವರಿಕೊಂಡೆ. ಬಾತಾ ಆದ ಮೇಲೆ ತಪ್ಪಿನ ಮಾತೆತ್ತಿದರೆ ಅದು ಶಾಪ ಹಾಕಿದ ಹಾಗೆ. ಬಾಯಿಗೆ ಬೋರ್ಸೋಕ್ ತುರುಕಿಕೊಂಡು ಕೂತೆ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಊರಲ್ಲೇ ಮೊಣಕಾಲುದ್ದ ಹಿಮ ಬಿತ್ತು. ಮಯ್ರಾಂಬೆಕ್ ಅಷ್ಟರಲ್ಲಿ ಹೊರಟಾಗಿತ್ತು. ಆಫೀಸಿನ ಗೋಡೆಯ ಪರದೆಯಲ್ಲಿ ಕಂಬಗಳೆಲ್ಲ ಸಾಲು ಚುಕ್ಕಿಗಳಾಗಿ ಕಾಣುತ್ತವೆ, ಹಸಿರೆಂದರೆ ರಸ್ತೆ ತೆರೆದಿದೆ. ಊಟದ ಹೊತ್ತಿಗೆ ಘಟ್ಟದ ತುದಿಯಲ್ಲಿ ರಸ್ತೆ ಹೊಕ್ಕುವ ಸುರಂಗದ ಬಾಯಿಯ ಕಂಬ ಸುಮ್ಮನಾಯಿತು. ಸುಮ್ಮನಾದ ಕೂಡಲೇ ಹಸಿರಾಯಿತು. ಡ್ರೈವರುಗಳಿಗೆಲ್ಲ ಮೆಸೇಜು ಹೋಯಿತು: ರಸ್ತೆ ತೆರೆದಿದೆ.

"ನಿಲ್ಸಿ! ಎಲ್ರಿಗೂ ಕೈಯಿಂದಲೇ 'ಕಾಯಿರಿ' ಅಂತ ಕಳ್ಸಿ!" ಎಂದು ಕಿರುಚಿದೆ. ಮರ್ಲೆನ್ ತಡವರಿಸುತ್ತ ಕಳಿಸಿದ. ನಾನು ಗಂಡನಿಗೆ ಫೋನ್ ಮಾಡಿದೆ. ಮತ್ತೆ ಮಾಡಿದೆ. ಘಟ್ಟದ ಬುಡ ದಾಟಿದರೆ ಸಿಗ್ನಲ್ ಇರುವುದಿಲ್ಲ. ಮರ್ಲೆನ್ ಕಳಿಸಿದ ಮೆಸೇಜೂ ಅಲ್ಲಿಗೆ ಮುಟ್ಟುವುದಿಲ್ಲ.

ಎಲ್ಲರೂ ನನ್ನ ಸುತ್ತ ಸೇರಿದರು. ಯಾರೋ ನೀರು ಕೊಟ್ಟರು. ಮರ್ಲೆನ್ ಬೆನ್ನು ತಟ್ಟಿದ.

"ಎಜೆ, ಹೆದರ್ಬೇಡಿ. ಏನಾದ್ರೂ ಆಗಿದ್ರೆ ಇಷ್ಟೊತ್ತಿಗೆ ಫೋನ್ ಬರ್ತಿತ್ತು. ಬಂದಿಲ್ಲ ಅಂದ್ರೆ ಏನೂ ಆಗಿಲ್ಲ ಅಂತ."

ನಾನು ಅವನ ಕೈ ಕೊಡವಿದೆ.

"ಬಂದಿಲ್ಲ ಅಂದ್ರೆ ಏನೂ ಆಗಿಲ್ವಾ? ಅದನ್ನೇ ಅಲ್ವೇನೋ ಆ ಸಾಲಲ್ಲಿ ಬರ್ದಿರೋದು! ಕಂಬ ಏನೂ ಹೇಳ್ಲಿಲ್ಲ, ಹಿಮ ಸೊನ್ನೆ. ಈ ಚಿನಾರ ಏನೂ ಹೇಳ್ಲಿಲ್ಲ, ಕೋಡ್ ಪಾಸು. ನನ್ ಗಂಡ ಏನೂ ಹೇಳ್ತಿಲ್ಲ, ಅವನು ಸುಖವಾಗಿದಾನೆ! ಎಲ್ಲಾ ಹಸಿರು!"

ಚಿನಾರ ಅಳತೊಡಗಿದಳು. ಜಪಾರ್ ಬಾಯ್ಕೆ ಗೋಡೆಯ ಮೇಲಿನ ಆ ಹಸಿರು ಚುಕ್ಕಿಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತು ಕೀಲಿಮಣೆ ಎಳೆದುಕೊಂಡರು.

ಅವರು ಬರೆಯುತ್ತಿರುವಾಗಲೇ ಫೋನ್ ಬಂತು. ಮಯ್ರಾಂಬೆಕ್! ಘಟ್ಟದ ಬುಡದ ಸೊಸ್ನೊವ್ಕಾದ ಹೋಟೆಲಿನಲ್ಲಿ ಕೂತಿದ್ದ.

"ಅರ್ಧ ಹತ್ತಿ ವಾಪಸ್ ಬಂದೆ ಕಣೇ. ಮೇಲೆ ಆಕಾಶ ಕಪ್ಪಾಗಿತ್ತು."

"ಮೆಸೇಜು ನೋಡ್ಲಿಲ್ವಾ?"

"ನಿಮ್ ಮೆಸೇಜಾ? ಅದನ್ನ ಯಾರೇ ನೋಡ್ತಾರೆ? ನಾವು ಹಳಬ್ರೆಲ್ಲ ಆಕಾಶ ನೋಡ್ತೀವಿ." ಮತ್ತೆ ಹೇಳಿದ: "ಆದಿಲೆತ್ ನೋಡ್ದ. ಹೊಸಬ. ಖಾಲಿ ಗಾಡಿ ತಗೊಂಡು ನಾನು ಇಳೀವಾಗ ಎದುರಿಗೆ ಸಿಕ್ದ, ರಸ್ತೆ ಓಪನ್ ಅಂತ ಬಂದಿದೆ ಬಾಯ್ಕೆ ಅಂತ ನಂಗೇ ಹೇಳಿ ಹತ್ತೇಬಿಟ್ಟ. ಅವನ ಫೋನ್ ಸಿಗ್ತಿಲ್ಲ."

ನನ್ನ ಗಂಡ ಬದುಕಿದ್ದಾನೆಂಬ ಸಂತೋಷವನ್ನು ಒಂದು ಉಸಿರಿನಷ್ಟು ಹೊತ್ತೂ ಅನುಭವಿಸಲಾಗಲಿಲ್ಲ. ನಮ್ಮನ್ನು ನಂಬದವರು ಉಳಿದಿದ್ದರು, ನಂಬಿದವನೊಬ್ಬ ಹತ್ತಿಹೋಗಿದ್ದ. ನಾನು ಅದನ್ನು ಹೇಳಿದಾಗ ಎಲ್ಲರೂ ಕೇಳಿಸಿಕೊಂಡರು, ಜಪಾರ್ ಬಾಯ್ಕೆಯೂ. ಹಿಮ ತೆಗೆಯುವ ಗಾಡಿ ಹೊರಟಿದೆ ಎಂದು ಸಂಘದವರು ತಿಳಿಸಿದರು. ನಾವು ಮಾಡಬಹುದಾದದ್ದು ಕೋಡ್ ಒಂದೇ.

ಬಾಯ್ಕೆ ಬರೆದು ಮುಗಿಸಿ ನನ್ನ ಕುರ್ಚಿಯ ಪಕ್ಕ ಬಂದು ನಿಂತರು. ಇಷ್ಟು ವರ್ಷದಲ್ಲಿ ನಾನು ಕೂತು ಅವರು ನಿಂತದ್ದಿಲ್ಲ. ಏಳಲು ಹೋದೆ, ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು.

"ಓದು. ಹೆಬ್ಬೆರಳು ಬೇಡ. ಓದು."

ಓದಿದೆ. ಕಂಬ ಸುಮ್ಮನಾದರೆ 'ಗೊತ್ತಿಲ್ಲ, ಕಾಯಿರಿ'. ಸರಿಯಿತ್ತು. ಅಷ್ಟರಲ್ಲಿ ಹಿಂದಿನಿಂದ ಚಿನಾರಳ ಮೂಗು ಕಟ್ಟಿದ ದನಿ ಬಂತು.

"ಬಾಯ್ಕೆ... ಕಂಬ ಸುಮ್ನಾಗದೆ, ಬೆಳಿಗ್ಗೆ ಅಳತೆನೇ ಮತ್ತೆ ಮತ್ತೆ ಕಳಿಸ್ತಿದ್ರೆ? ತಂಡಿಗೆ ಮರಗಟ್ಟಿದ್ರೆ?"

ಬಾಯ್ಕೆ ಅವಳ ಕಡೆ ತಿರುಗಿದರು.

"ಈ ಮಾತು ಎಷ್ಟು ದಿನದಿಂದ ಹೊಳೆದಿತ್ತು ನಿಂಗೆ?"

"ನೀವು ಬಾತಾ ಹೇಳಿದ ಶುಕ್ರವಾರಕ್ಕೂ ಮುಂಚೆ."

ಅವರು ಬೈಯಲಿಲ್ಲ. ಹೋಗಿ ಮತ್ತೆ ಬರೆಯಲು ಕೂತರು.

ಆದಿಲೆತ್ ಸಂಜೆ ಸಿಕ್ಕ. ಗಾಡಿಯನ್ನು ಹಿಮ ದಾರಿಯಂಚಿಗೆ ತಳ್ಳಿತ್ತಂತೆ. ಇಳಿದು ನಡೆದು ಸುರಂಗದ ಕಾವಲುಗಾರನ ಗೂಡು ಮುಟ್ಟಿದ್ದ. ಜೀವ ಉಳಿಯಿತು, ತಂಡಿಗೆ ಮರಗಟ್ಟಿದ ಎಡಗೈಯ ಎರಡು ಬೆರಳು ಉಳಿಯಲಿಲ್ಲ. ಜಪಾರ್ ಬಾಯ್ಕೆ ಆಸ್ಪತ್ರೆಗೆ ಒಬ್ಬರೇ ಹೋಗಿ ಬಂದರು. ಅಲ್ಲಿ ಏನು ಹೇಳಿದರೋ ನಮಗೆ ತಿಳಿಸಲಿಲ್ಲ.

ಮರ್ಲೆನ್ ನಿಯಮ ಬದಲಿಸುವುದಾಗಿ ಹೇಳಿದ. ಅದಕ್ಕಾಗಿ ಒಂದು ಸಭೆ ಕರೆದ, ಸಭೆ ಮುಂದಕ್ಕೆ ಹೋಯಿತು. ಈಗಲೂ ಮುಂದಕ್ಕೇ ಹೋಗುತ್ತಿದೆ. ಇವನಿಗೆ ಏನೆನ್ನಬೇಕೋ ತಿಳಿಯುವುದಿಲ್ಲ.

ಮೊನ್ನೆ ನಾನೊಂದು ಕೋಡ್ ಓದಲು ಹಾಕಿದೆ. ದಿನವಿಡೀ ಒಂದು ಕಾಮೆಂಟೂ ಇಲ್ಲ, ಖಾಲಿ ಸಾಲಿನ ಬಗ್ಗೆ ಕೂಡ ಇಲ್ಲ. ಸಂಜೆ ಗಡಿಯಾರ ನೋಡುತ್ತ ಹಲ್ಲು ಕಡಿಯುತ್ತಿದ್ದೆ. ಇನ್ನೇನು ತಾನಾಗಿ ಪಾಸಾಗಬೇಕು, ಅಷ್ಟರಲ್ಲಿ ಜಪಾರ್ ಬಾಯ್ಕೆ ಕೋಟು ಹಾಕಿಕೊಂಡವರು ಬಾಗಿಲಿನಿಂದ ವಾಪಸು ಬಂದರು.

"ಬುರುಲ್, ನಿನ್ನ ಕೋಡು ನಾನು ಓದಿಲ್ಲ."

"ಹೂಂ, ಗೊತ್ತಾಗ್ತಿದೆ!" ಎಂದೆ ಸಿಟ್ಟಿನಿಂದ.

"ಅದನ್ನೇ ಹೇಳಕ್ಕೆ ಬಂದೆ. ನಾನು ಸುಮ್ನಿದ್ದೀನಿ ಅಂತ ಚೆನ್ನಾಗಿದೆ ಅನ್ಕೋಬೇಡ. ಓದಿಲ್ಲ, ಅಷ್ಟೇ."

ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಕನ್ನಡಕ ಒರೆಸಿಕೊಂಡು, ನನ್ನ ಪಕ್ಕದಲ್ಲಿ ಕೂತರು.