ಗಿರಮಲ್ಲಪ್ಪ ದತ್ತು ತೆಗೆದುಕೊಂಡ ಊರು

ನನ್ನ ತಮ್ಮ ಗಿರಮಲ್ಲಪ್ಪ ಏಳನೇ ಇಯತ್ತೆಯಲ್ಲಿ ನಪಾಸಾಗಿ ಶಾಲೆ ಬಿಟ್ಟವನು. ಬನಹಟ್ಟಿಯಲ್ಲಿ ಸೀರೆ ವ್ಯಾಪಾರ ಮಾಡಿ ದುಡ್ಡು ಗಳಿಸಿದ, ಅದಕ್ಕೆ ನನ್ನ ತಕರಾರಿಲ್ಲ. ದುಡ್ಡು ಬಂದ ಮೇಲೆ ಮನೆಗೆ ಮಾಳಿಗೆ ಏರಿಸಬೇಕು, ಹೆಂಡತಿಯ ಕೈಗೆ ಬಂಗಾರದ ಪಾಟಲಿ ಮಾಡಿಸಬೇಕು, ಮಧ್ಯಾಹ್ನ ಉಂಡು ಮಲಗಬೇಕು. ಈ ಶಾಣ್ಯಾ ಜಮಖಂಡಿಯ ಹೊರಗೆ ಮೆಡಿಕಲ್ ಕಾಲೇಜು ಕಟ್ಟಿದ. ಥರ್ಮಾಮೀಟರಿನ ಯಾವ ತುದಿಯನ್ನು ಬಾಯಲ್ಲಿ ಇಡಬೇಕೆಂದು ತಿಳಿಯದವನು ಡಾಕ್ಟರರನ್ನು ತಯಾರಿಸುವ ಕಾಲೇಜಿನ ಚೇರಮನ್ ಆದ. ಮಂದಿ ಅವನ ಕೊರಳಿಗೆ ಮಾಲೆ ಹಾಕಿದರು. ನಾನು ಹಾಕಲಿಲ್ಲ.

ನಾನು ಅನಸವ್ವ, ಚಿಮ್ಮಡದಲ್ಲಿ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸುವ ಅಕ್ಕೋರು. ಗಂಡ ತೀರಿಕೊಂಡ ಮೇಲೆ ಅಲ್ಲೇ ಮನೆ ಮಾಡಿಕೊಂಡಿದ್ದೆ. ಇದು ಎಂಬತ್ತೆಂಟರ ಸುಮಾರಿನ ಮಾತು. ಆಗ ಗಿರಮಲ್ಲಪ್ಪನಿಗೆ ಹೊಸ ಹುಚ್ಚೊಂದು ಹಿಡಿದಿತ್ತು. ಪರದೇಶದ ಕಮಿಟಿಯೊಂದು ಬಂದು ನೋಡಿ ಮಾನ್ಯತೆ ಕೊಟ್ಟರೆ ಅವನ ಕಾಲೇಜಿನಲ್ಲಿ ಕಲಿತವರು ಆ ದೇಶಕ್ಕೂ ಹೋಗಿ ಡಾಕ್ಟರಿಕೆ ಮಾಡಬಹುದಂತೆ. ಇಲ್ಲಿಯ ನೆಗಡಿಗೇ ಔಷಧ ಗೊತ್ತಿಲ್ಲದವರು ಅಲ್ಲಿ ಹೋಗಿ ಏನು ಕಡಿಯುವವರಿದ್ದರೋ! ಕಮಿಟಿಯ ಒಂದು ಶರತ್ತಿತ್ತು. ಕಾಲೇಜಿನವರು ಸುತ್ತಲಿನ ಹಳ್ಳಿಗಳಲ್ಲಿ ಲಸಿಕೆ ಹಾಕಿ ರೋಗ ತಡೆದಿರಬೇಕು. ಅದಕ್ಕೆ ನನ್ನ ತಮ್ಮ ಚಿಮ್ಮಡವನ್ನು ದತ್ತು ತೆಗೆದುಕೊಂಡ.

ದತ್ತು ಹೇಗಿತ್ತೆಂದರೆ, ಒಂದು ದಿನ ಶಾಲೆಯ ಮುಂದೆ ಜೀಪು ಬಂದು ನಿಂತಿತು. ಬಿಳಿ ಕೋಟಿನ ಹುಡುಗರು ಇಳಿದರು, ರಬಕವಿಯ ಫೋಟೋದವನು ಇಳಿದ, ಕಡೆಗೆ ಸಣ್ಣದೊಂದು ಐಸಿನ ಡಬ್ಬಿ ಇಳಿಯಿತು. ಡಬ್ಬಿಯಲ್ಲಿದ್ದ ದಡಾರದ ಲಸಿಕೆ ಮುಂದಿನ ಸಾಲಿನ ಕೂಸುಗಳಿಗೇ ಮುಗಿದುಹೋಯಿತು. ಉಳಿದ ಕೂಸುಗಳ ತೋಳಿಗೆ ಖಾಲಿ ಸಿರಿಂಜು ಹಿಡಿದು ಫೋಟೋ ತೆಗೆದರು. ಬಿಸ್ಕೀಟು ಹಂಚಿ ಹೋದರು. ಮರುವಾರ ಊರ ಬಾಗಿಲಲ್ಲಿ ಬೋರ್ಡು ಎದ್ದಿತು: ‘ಸಂಪೂರ್ಣ ಲಸಿಕೆ ಪಡೆದ ಗ್ರಾಮ’. ಸರಕಾರದ ನರ್ಸಬಾಯಿಗೂ ಇನ್ನು ಈ ಊರಿನ ಚಿಂತೆ ಬೇಡವೆಂದು ಗಿರಮಲ್ಲಪ್ಪ ಹೇಳಿ ಕಳಿಸಿದ್ದ.

‘ಲೇ, ಅರ್ಧಾ ಕೂಸುಗೋಳಿಗೆ ಹಾಕೇ ಇಲ್ಲಲೋ!’ ಎಂದು ನಾನು ಅವನ ಅಂಗಡಿಗೇ ಹೋಗಿ ಜಬರಿಸಿದೆ.

‘ಮುಂದಿನ ತಿಂಗಳ ಹಾಕಸ್ತೇನಿ ತಗೋ ಅಕ್ಕಾ. ಅಲ್ಲೀತನ ಯಾವ ರೋಗ ಬರತೈತಿ?’ ಎಂದ. ಆ ಮುಂದಿನ ತಿಂಗಳು ಯಾವ ಪಂಚಾಂಗದಲ್ಲಿಯೂ ಇರಲಿಲ್ಲ.

ಕಮಿಟಿ ಬರುವ ವಾರ ಅವನೇ ನನ್ನ ಮನೆಗೆ ಬಂದ. ಆಸ್ಪತ್ರೆಯ ಹಾಸಿಗೆಗಳು ಖಾಲಿ ಇವೆ, ಎರಡು ದಿನ ಮಲಗಲು ಮಂದಿ ಬೇಕು, ಪಗಾರ ಮತ್ತು ಊಟ ಕೊಡುತ್ತೇನೆ, ನಿನ್ನ ಮಾತಿಗೆ ಇಲ್ಲಿಯ ಹೆಣ್ಣುಮಕ್ಕಳು ಇಲ್ಲ ಅನ್ನುವುದಿಲ್ಲ ಎಂದ. ಗಟ್ಟಿಮುಟ್ಟಾದವರನ್ನು ರೋಗಿಯೆಂದು ಮಲಗಿಸಲು ಅಕ್ಕನನ್ನೇ ದಲಾಲಿ ಮಾಡಹೊರಟಿದ್ದ! ಕಸಬರಿಗೆ ಕೈಗೆತ್ತಿಕೊಂಡೆ. ಕಾರಿನ ತನಕ ಓಡಿದ.

ಆ ವಾರವೇ ಊರಿಗೆ ಗೊಬ್ಬರ ಬಂತು. ದಡಾರಕ್ಕೆ ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ. ಮೊದಲು ಬಿದ್ದದ್ದು ಪಕ್ಕದ ಮನೆಯ ಮುತ್ತವ್ವನ ಮಗಳು ತಾಯವ್ವ, ಇನ್ನೂ ತೊದಲು ಮಾತಿನ ಕೂಸು. ಖಾಲಿ ಸಿರಿಂಜಿನ ಸಾಲಿನಲ್ಲಿ ಕೂತಿದ್ದವಳು. ಮೈಮೇಲಿನ ಗುಳ್ಳೆ ಬಾಡತೊಡಗಿದವು, ಆದರೆ ಜ್ವರ ಇಳಿಯಲಿಲ್ಲ. ಒಂದು ದಿನ ಬೆಳಗಾಗುವುದರೊಳಗೆ ಮುತ್ತವ್ವ ನನ್ನ ಬಾಗಿಲು ಬಡಿದಳು.

‘ಅಕ್ಕೋರ, ಉಸರ ತಗೊಂಡ್ರ ಪಕ್ಕಿ ಒಳಗ ಸೆಳ್ಯಾಕತ್ತಾವರಿ. ಮಲೀ ಸೈತ ಕುಡಿವಲ್ದು.’

ಇಬ್ಬರೂ ಕೂಸನ್ನೆತ್ತಿಕೊಂಡು ಬನಹಟ್ಟಿಗೆ ಹೋದೆವು. ಮಕ್ಕಳ ಡಾಕ್ಟರು ಪಾಂಡಪ್ಪನ ದವಾಖಾನೆಗೆ ಬೀಗ. ಆಚೆಯ ಓಣಿಯ ಡಾಕ್ಟರಿಗೂ ಬೀಗ. ಔಷಧ ಅಂಗಡಿಯವನು ಹಲ್ಲು ಕಿಸಿದ. ‘ಯಾರೂ ಸಿಗಂಗಿಲ್ಲರಿ ಅಕ್ಕೋರ. ಇವತ್ತ ನಾಳಿ ಎಲ್ಲಾರೂ ನಿಮ್ಮ ತಮ್ಮನ ಕಾಲೇಜಿನ್ಯಾಗ ಪ್ರೊಫೆಸರ ಆಗಾಕ ಹೋಗ್ಯಾರ.’

ಅಂದರೆ ರೋಗಿಗಳಷ್ಟೇ ಅಲ್ಲ, ಡಾಕ್ಟರರೂ ಬಾಡಿಗೆಯವರು. ಥೂ ಇವನ ಜನ್ಮಕ್ಕಿಷ್ಟು! ಆದರೆ ಇನ್ನೊಂದು ಮಾತೂ ಹೊಳೆಯಿತು. ಖರೆ ಡಾಕ್ಟರರು ಆ ಕಟ್ಟಡದಲ್ಲಿ ಇರುವುದು ಆ ಎರಡು ದಿನ ಮಾತ್ರ. ಬಸ್‌ಸ್ಟ್ಯಾಂಡಿನ ಹತ್ತಿರ ತಮ್ಮನ ಲಾರಿಗೆ ಡ್ರೈವರ್ ಹಣಮಂತ ಬಾಡಿಗೆ ರೋಗಿಗಳನ್ನು ಹತ್ತಿಸುತ್ತಿದ್ದ. ಸಿಟ್ಟು ನುಂಗಿಕೊಂಡು ನಾನೂ ಮುತ್ತವ್ವನೂ ಹತ್ತಿದೆವು. ಲಾರಿಯಲ್ಲಿ ಕೆಲವರು ದಾರಿಯುದ್ದಕ್ಕೂ ಕೆಮ್ಮಿ ರೂಢಿ ಮಾಡಿಕೊಳ್ಳುತ್ತಿದ್ದರು. ಹೊಟ್ಟೆ ಹಿಡಿದುಕೊಂಡು ನರಳುವ ಪಾಳಿ ಬಂದವನೊಬ್ಬ ಮಿರ್ಚಿ ಭಜಿ ತಿನ್ನುತ್ತಿದ್ದ.

ಆಸ್ಪತ್ರೆಯ ಹಾಸಿಗೆಗೆಲ್ಲ ತಮ್ಮನ ಅಂಗಡಿಯ ಹೊಸ ಚಾದರ, ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ಮಕ್ಕಳ ವಾರ್ಡಿನಲ್ಲಿ ಪಾಂಡಪ್ಪ ಟೈ ಕಟ್ಟಿಕೊಂಡು ನಿಂತಿದ್ದ. ನನ್ನನ್ನು ಕಂಡು ನಕ್ಕ.

‘ಏನ್ರಿ ಅಕ್ಕೋರ, ನೀವೂ ಬಂದ್ರ್ಯಾ? ಈ ಕೂಸಿಗೆ ಯಾವ ರೋಗ ಕೊಟ್ಟಾರ?’

‘ಯಾರೂ ಕೊಟ್ಟಿಲ್ಲೋ ಪಾಂಡಪ್ಪ. ಖರೇನ ಐತಿ. ಎದಿಗೆ ಹಚ್ಚಿ ಕೇಳು.’

ಅವನು ನಗುತ್ತಲೇ ಸ್ಟೆತಾಸ್ಕೋಪು ಹಚ್ಚಿದ. ನಗು ಅಲ್ಲೇ ನಿಂತಿತು. ಟೈ ಕಿತ್ತು ಕಿಸೆಗೆ ತುರುಕಿದ, ಆಕ್ಸಿಜನ್ ತರಿಸಿದ, ತನ್ನ ಸ್ವಂತದ ಚೀಲದಿಂದ ಇಂಜೆಕ್ಷನ್ ತೆಗೆದು ಕೊಟ್ಟ. ಗೊಬ್ಬರ ಪುಪ್ಪಸಕ್ಕೆ ಇಳಿದಿದೆ, ಇನ್ನೆರಡು ತಾಸು ತಡವಾಗಿದ್ದರೆ ಕೂಸು ಕೈಬಿಟ್ಟು ಹೋಗುತ್ತಿತ್ತು ಎಂದ. ಆ ಮಟ್ಟಿಗೆ ಅವನನ್ನು ಬೈಯಲಾರೆ.

ಸುದ್ದಿ ಮುಟ್ಟಿ ಗಿರಮಲ್ಲಪ್ಪ ಓಡಿ ಬಂದ. ಸೂಟು ಹಾಕಿದ್ದ, ಹೊಟ್ಟೆಯ ಮೇಲಿನ ಗುಂಡಿ ಕೂತಿರಲಿಲ್ಲ.

‘ಅಕ್ಕಾ, ಗೊಬ್ಬರ ಬಂದ ಕೂಸನ್ನ ಇಲ್ಲಿ ಯಾಕ ತಂದಿ? ಚಿಮ್ಮಡದಾಗ ಎಲ್ಲಾರಿಗೂ ಲಸಿಕಿ ಹಾಕೇವಿ ಅಂತ ಪುಸ್ತಕಾನ ಛಾಪಿಸೇನಿ! ಲಗೂನ ಹಿಂದಿನ ಖೋಲಿಗೆ ಒಯ್ಯಿ.’

‘ಆಕ್ಸಿಜನ್ ಬಿಚ್ಚಿ ಒಯ್ಯಲೇನೋ? ಮುಟ್ಟ ನೋಡೂಣು,’ ಎಂದು ಹಾಸಿಗೆಯ ಮೇಲೆ ಅಡ್ಡ ಕೂತೆ. ಅಷ್ಟರಲ್ಲಿ ಕಮಿಟಿ ಬಾಗಿಲಿಗೆ ಬಂತು.

ಕಮಿಟಿಯ ಮುಖ್ಯಸ್ಥ ಎತ್ತರದ ಮುದುಕ, ಕೆಂಪು ಮೋರೆಯವನು. ವಾರ್ಡಿನ ತುಂಬ ಸುಳ್ಳು ರೋಗಿಗಳಿದ್ದರೂ ಆ ಪುಣ್ಯಾತ್ಮನಿಗೆ ಒಬ್ಬರ ಮೇಲೂ ಸಂಶಯ ಬಂದಿರಲಿಲ್ಲ. ಆದರೆ ತಾಯವ್ವನ ಮುಂದೆ ಬಗ್ಗಿದವನು ಕೂಸಿನ ಬಾಯಿ ತೆರೆದು ನೋಡಿದ, ಕಣ್ಣು ನೋಡಿದ, ರೋಗ ಯಾವುದೆಂದು ಅವನೇ ಹೇಳಿದ. ಆಮೇಲೆ ಊರು ಯಾವುದೆಂದು ಕೇಳಿದ. ಇಂಗ್ಲಿಷು ನನಗೆ ಅಷ್ಟು ತಿಳಿಯುತ್ತದೆ.

‘ಚಿಮ್ಮಡ,’ ಎಂದೆ.

‘ಲೋಕಾಪುರ, ಸರ್,’ ಎಂದ ನನ್ನ ತಮ್ಮ. ಅದು ಮುಧೋಳದ ಆಚೆಯ ಊರು, ಅವನ ಪುಸ್ತಕದಲ್ಲಿ ಇಲ್ಲದ್ದು.

‘ಚಿಮ್ಮಡ! ಚಿಮ್ಮಡ!’ ಎಂದು ನಾನು ಒದರಿದೆ. ಗಿರಮಲ್ಲಪ್ಪ ತನ್ನ ತಲೆಯ ಹತ್ತಿರ ಬೆರಳು ತಿರುಗಿಸಿ ಏನೋ ಅಂದ. ಮುದುಕ ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡಿದ. ಬೆನ್ನ ಹಿಂದೆ ಹುಚ್ಚಿ ಅಂದವರಿದ್ದಾರೆ. ಒಡಹುಟ್ಟಿದವನೇ ಎದುರಿಗೆ ನಿಂತು ಅಂದದ್ದು ಅದೇ ಮೊದಲು.

ಹೊರಗೆ ಬಂದ ಪಾಂಡಪ್ಪ ನನಗೆ ಎಲ್ಲ ಬಿಡಿಸಿ ಹೇಳಿದ. ರೋಗ ಹಬ್ಬುವ ಮೊದಲೇ ಲೋಕಾಪುರದ ಮಕ್ಕಳಿಗೆಲ್ಲ ನಾಳೆ ಬೆಳಿಗ್ಗೆ ಲಸಿಕೆ ಹಾಕಬೇಕು, ಕಾಲೇಜಿನ ಕೆಲಸ ನಾನೇ ಬಂದು ನೋಡುತ್ತೇನೆ ಎಂದು ಮುದುಕ ಹೇಳಿದ್ದನಂತೆ. ಲಸಿಕೆ ತರಲು ವಿಜಾಪುರಕ್ಕೆ ಕಾರೂ ಓಡಿತ್ತು. ಕಾಲೇಜು ಶುರುವಾದಾಗಿನಿಂದ ಡಬ್ಬಿ ತುಂಬ ಖರೆ ಲಸಿಕೆ ಬರುವುದು ಅದೇ ಮೊದಲು, ಅದೂ ಗೊಬ್ಬರವಿಲ್ಲದ ಊರಿಗೆ!

ತಮ್ಮನನ್ನು ಅವನ ಆಫೀಸಿನಲ್ಲಿ ಹಿಡಿದೆ. ‘ಗಿರಮಲ್ಲಾ, ಆ ಲಸಿಕಿ ಚಿಮ್ಮಡಕ್ಕ ಕಳಸು. ಇನ್ನೂ ನಾಕ ಮನ್ಯಾಗ ಕೂಸುಗಳ ಕಣ್ಣ ಕೆಂಪಾಗ್ಯಾವ.’

‘ಚಿಮ್ಮಡಕ್ಕ ಹಾಕೇವಲ್ಲ ಅಕ್ಕಾ. ಹಾಕಿದವರಿಗೆ ಮತ್ತ ಹೆಂಗ ಹಾಕೂದು? ಪುಸ್ತಕದಾಗ ಫೋಟೋ ಸೈತ ಐತಿ.’

‘ಫೋಟೋ ನೋಡಿ ಗೊಬ್ಬರ ಹೆದರಿ ಓಡತೈತೇನೋ ಹುಚ್ಚ ಖೋಡಿ?’

‘ಕಮಿಟಿ ಹೋಗ್ಲಿ, ಆಮ್ಯಾಲ ನೋಡೂಣು.’

‘ನಿನ್ನ ಕಮಿಟಿ ಹೋಗೂತನ ಗೊಬ್ಬರ ಕಟ್ಟಿ ಮ್ಯಾಲ ಎಲಿ ಅಡಿಕಿ ಹಾಕ್ಕೋತ ಕುಂಡರತೈತೇನು?’

ಅವನು ಕನ್ನಡಿಯಲ್ಲಿ ಕೂದಲು ತೀಡಿಕೊಂಡ. ಇದೇ ಹುಡುಗನಿಗೆ ಗೊಬ್ಬರ ಎದ್ದಾಗ ನಾನು ತೊಡೆಯ ಮೇಲೆ ಮಲಗಿಸಿಕೊಂಡು ಬೇವಿನ ತೊಪ್ಪಲಿನಿಂದ ಗಾಳಿ ಹಾಕಿದ್ದೆ.

ಮುತ್ತವ್ವನನ್ನು ಕೂಸಿನ ಹತ್ತಿರ ಬಿಟ್ಟು ಸಂಜೆ ಅದೇ ಲಾರಿಯಲ್ಲಿ ಊರಿಗೆ ಮರಳಿದೆ. ಇಳಿಯುವಾಗ ಹಣಮಂತನಿಗೆ ಹೇಳಿದೆ, ‘ನಾಳಿ ಮುಂಜಾನೆ ರೋಗಿಗಳನ್ನ ತರೂ ಮೊದಲ ಚಿಮ್ಮಡಕ್ಕ ಬಾ.’

‘ಸಾವಕಾರ್ರು ಬೈತಾರ್ರೀ ಅಕ್ಕೋರ.’

‘ನಿನ್ನ ಸಾವಕಾರನ ಮೂಗ ಒರಸಿದಾಕಿ ನಾ. ಬಾ ಅಂದ್ರ ಬಾ.’

ಮನೆಮನೆಗೆ ಹೋದೆ. ಕೂಸಿದ್ದ ಹೆಂಗಸರೆಲ್ಲ ನಾಳೆ ಲೋಕಾಪುರಕ್ಕೆ ನಡೆಯಿರಿ, ಯಾರು ಕೇಳಿದರೂ ಲೋಕಾಪುರದವರೆಂದು ಹೇಳಿರಿ ಎಂದೆ. ಕೆಲವರು ಹೂಂ ಅಂದರು, ಕೆಲವರನ್ನು ಬೈದು ಒಪ್ಪಿಸಿದೆ. ಸಾತವ್ವ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ‘ನಮ್ಮ ಕೂಸಿಗೆ ಹಾಕ್ಯಾರಲ್ರಿ ಅಕ್ಕೋರ. ಫೋಟೋನೂ ಕೊಟ್ಟಾರ, ನೋಡ್ರಿ,’ ಎಂದು ಗೋಡೆಗೆ ತೂಗಿಸಿದ ಫೋಟೋ ತೋರಿಸಿದಳು. ಚೇರಮನ್ನರು ಸುಳ್ಳು ಹೇಳುತ್ತಾರೆಯೇ ಎಂದಳು. ನನ್ನ ತಮ್ಮನ ಮೇಲೆ ಆಕೆಗಿದ್ದ ನಂಬಿಕೆ ಕಂಡು ನನಗೇ ನಾಚಿಕೆಯಾಯಿತು. ಎಷ್ಟು ಹೇಳಿದರೂ ಬರಲಿಲ್ಲ.

ಬೆಳಿಗ್ಗೆ ಲಾರಿ ಮಹಾಲಿಂಗಪುರ, ಮುಧೋಳ ದಾಟುವ ತನಕ ‘ನಿಮ್ಮೂರು ಯಾವದು?’ ಎಂದು ನಾನು ಕೇಳುವುದು, ‘ಲೋಕಾಪುರ!’ ಎಂದು ಎಲ್ಲರೂ ಕೂಗುವುದು. ಸುಳ್ಳು ಹೇಳಿದ ಮಕ್ಕಳಿಗೆ ಛಡಿ ಏಟು ಕೊಡುತ್ತಿದ್ದವಳು ಮಗ್ಗಿ ಒಪ್ಪಿಸಿದ ಹಾಗೆ ಸುಳ್ಳು ಒಪ್ಪಿಸಿದೆ. ನನಗೇನೂ ಕೆಡುಕೆನಿಸಲಿಲ್ಲ.

ಲೋಕಾಪುರದಲ್ಲಿ ಬಯಲಿಗೆ ಪೆಂಡಾಲು ಹಾಕಿದ್ದರು. ಮುದುಕ ಅಂಗಿಯ ತೋಳು ಮಡಚಿ ತಾನೇ ಸಿರಿಂಜು ಹಿಡಿದು ಕೂತಿದ್ದ. ಪಾಂಡಪ್ಪ ಹೆಸರು, ಊರು ಬರೆದುಕೊಳ್ಳುತ್ತಿದ್ದ. ಗಿರಮಲ್ಲಪ್ಪ ನಡುವೆ ನಿಂತು ಫೋಟೋಕ್ಕೆ ಹಲ್ಲು ಬಿಡುತ್ತಿದ್ದ. ತನ್ನದೇ ಲಾರಿಯಿಂದ ನಾನು ಇಳಿಯುವುದನ್ನೂ ನನ್ನ ಹಿಂದೆ ಚಿಮ್ಮಡದ ಹೆಂಗಸರು ಇಳಿಯುವುದನ್ನೂ ಕಂಡು ಅವನ ಬಾಯಿ ಮುಚ್ಚಿತು.

‘ಏನಪಾ ಚೇರಮನ್ನಾ, ಲೋಕಾಪುರದ ಕೂಸುಗಳನ್ನ ಕರಕೊಂಡ ಬಂದೇನಿ,’ ಎಂದೆ.

‘ಅಕ್ಕಾ, ಕೈ ಮುಗೀತೇನಿ, ನನ್ನ ಮಾನ ಕಳೀಬ್ಯಾಡ.’

‘ಇದ್ರ ಕಳ್ಯಾಕ ಬರತೈತಿ. ಕುಂಡ್ರು, ಕೂಸಿನ ತೋಳ ಹಿಡಿ.’

ಇವರು ಚಿಮ್ಮಡದವರೆಂದು ಹೇಳಿದರೆ, ಲಸಿಕೆ ಹಾಕಿದ ಊರಿನವರು ಮತ್ತೆ ಯಾಕೆ ಬಂದರೆಂದು ಮುದುಕ ಕೇಳುತ್ತಿದ್ದ. ಹೇಳದಿದ್ದರೆ ನಾನು ತಂದವರಿಗೆಲ್ಲ ಹಾಕಿಸಲೇಬೇಕು. ಗಿರಮಲ್ಲಪ್ಪ ಸೂಟಿನ ಪರವೆ ಇಲ್ಲದೆ ಕುರ್ಚಿಯಲ್ಲಿ ಕೂತು ಕೂಸುಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳತೊಡಗಿದ. ಒಂದೆರಡು ಕೂಸು ಅವನ ಮೇಲೆ ಉಚ್ಚೆ ಹೊಯ್ದವು. ನನಗೆ ಬಹಳ ಸಂತೋಷವಾಯಿತು.

ಎಲ್ಲ ಸುಸೂತ್ರ ನಡೆದಿತ್ತು. ಆಗ ಬೋರವ್ವನ ಪಾಳಿ ಬಂತು. ನನ್ನ ಶಾಲೆಯ ಬಿನ್ನಿಯತ್ತೆಯ, ಅಂದರೆ ಒಂದನೆಯದಕ್ಕೂ ಕೆಳಗಿನ ತರಗತಿಯ ಹುಡುಗಿ, ಬಾಯಿ ಬಡಕಿ. ಊರು ಯಾವುದೆಂದು ಪಾಂಡಪ್ಪ ಕೇಳಿದ್ದೇ ತಡ, ಕೈ ಕಟ್ಟಿಕೊಂಡು ನಿಂತು ಹೇಳಿದಳು.

‘ಚಿಮ್ಮಡರಿ. ಅಕ್ಕೋರು ಲೋಕಾಪುರ ಅನ್ನಂದಾರರಿ.’

ಪಾಂಡಪ್ಪನ ಪೆನ್ನು ನಿಂತಿತು. ಮುದುಕ ತಲೆಯೆತ್ತಿ, ಹುಡುಗಿ ಏನಂದಳೆಂದು ನನ್ನ ತಮ್ಮನನ್ನು ಕೇಳಿದ. ಲಾರಿಯ ನೆರಳಲ್ಲಿ ಇನ್ನೂ ಅರ್ಧ ಮಂದಿ ಕೂಸು ಹೊತ್ತು ನಿಂತಿದ್ದರು. ಬಿಸ್ಕೀಟಿನ ಆಸೆಗೆ ಎರಡನೇ ಸಲ ಬಂದಿದ್ದಾರೆ, ಓಡಿಸಿರಿ ಎಂದು ಅವನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ತಮ್ಮನ ಕಿವಿಯ ಹತ್ತಿರ ಬಗ್ಗಿದೆ.

‘ಬಾಯಿ ತಪ್ಪಿದ್ರ ತಾಯವ್ವನ್ನ ಈ ಮುದುಕನ ತೊಡಿ ಮ್ಯಾಲ ತಂದ ಹಾಕ್ತೇನಿ. ಊರ ಕೂಡಿ ಚಿಮ್ಮಡ ಅಂತೀವಿ. ಎಷ್ಟ ಮಂದಿಗೆ ಹುಚ್ಚಿ ಅಂತೀ ನೋಡೂಣು.’

ಗಿರಮಲ್ಲಪ್ಪ ಹಣೆಯ ಬೆವರು ಒರೆಸಿಕೊಂಡ. ‘ಲೋಕಾಪುರ, ಸರ್,’ ಎಂದ. ಮುದುಕ ಬೋರವ್ವನ ಕೆನ್ನೆ ತಟ್ಟಿ ಸೂಜಿ ಚುಚ್ಚಿದ. ನಾನು ಮುಂದಿನ ಕೂಸನ್ನು ತಮ್ಮನ ತೊಡೆಯ ಮೇಲೆ ಕುಕ್ಕಿದೆ.

ತಾಯವ್ವ ಬದುಕಿ ಮನೆಗೆ ಬಂದಳು, ಒಂದು ಕಿವಿ ಹೋಯಿತು. ಉಳಿದ ಮನೆಗಳಲ್ಲಿ ಒಂದಿಷ್ಟು ಜ್ವರ ಬಂದು ಹೋದವು. ಸಾತವ್ವನ ಕೂಸಿಗೂ ಬಂತು. ಅಷ್ಟರಲ್ಲಿ ಕಮಿಟಿಯೂ ಹೋಗಿತ್ತು, ಬಾಡಿಗೆ ಡಾಕ್ಟರರೂ ಹೋಗಿದ್ದರು. ಚೇರಮನ್ನರನ್ನು ನಂಬಿ ಮೊದಲು ಕಾಲೇಜಿಗೇ ಒಯ್ದಿದ್ದಳು, ಅಲ್ಲಿಂದ ಬನಹಟ್ಟಿಗೆ ಪಾಂಡಪ್ಪನ ಹತ್ತಿರ ಒಯ್ದಾಗ ಹೊತ್ತು ಮೀರಿತ್ತು. ಕೂಸು ಉಳಿಯಲಿಲ್ಲ.

ಕಾಲೇಜಿಗೆ ಮಾನ್ಯತೆ ಸಿಕ್ಕಿತು. ಲೋಕಾಪುರದಲ್ಲಿ ಮಾಡಿದ ಕೆಲಸಕ್ಕೆ ಕಮಿಟಿ ವಿಶೇಷವಾಗಿ ಶಭಾಷ್ ಅಂದಿತಂತೆ. ಗಿರಮಲ್ಲಪ್ಪ ಪೇಢೆ ಡಬ್ಬಿ ತುಂಬಿದ ಕಾರಿನಲ್ಲಿ ಚಿಮ್ಮಡಕ್ಕೆ ಬಂದ. ನನ್ನ ಕಾಲು ಮುಟ್ಟಿ, ‘ಎಲ್ಲಾ ನಿನ್ನಿಂದ ಆತ ಅಕ್ಕಾ,’ ಎಂದ. ಖರೆ ಖರೆ ಕಣ್ಣಲ್ಲಿ ನೀರು ತಂದುಕೊಂಡಿದ್ದ.

‘ಸಾತವ್ವನ ಮನಿ ಗೊತ್ತೇನ? ಆ ಬೇವಿನ ಗಿಡದ ಮುಂದಿಂದು. ಮೊದಲ ಆಕಿಗೆ ಪೇಢೆ ಕೊಟ್ಟ ಬಾ,’ ಎಂದೆ.

ಗಿರಮಲ್ಲಪ್ಪ ಆ ಮನೆಯ ಕಡೆ ನೋಡಿದ. ಬಾಗಿಲಲ್ಲಿ ಸಾತವ್ವ ಕೂತಿದ್ದಳು, ಇವನನ್ನು ಕಂಡು ಚೇರಮನ್ನರು ಬಂದರೆಂದು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಅವನು ಡಬ್ಬಿಯನ್ನು ನನ್ನ ಕಟ್ಟೆಯ ಮೇಲಿಟ್ಟು ಕಾರು ಹತ್ತಿದ.